ಕಿವಿ ಮಂದವಾದವರಿಗೆ ಶ್ರವಣ ಸಾಧನ



ಕಣ್ಣು ಮಂಜಾದರೆ ನಾವು ಕನ್ನಡಕ ಹಾಕಿಕೊಳ್ಳಲು ಹಿಂಜರಿಯುವುದಿಲ್ಲ. ಸಂತೆಯ ದಿನ ಪೇಟೆಗೆ ಹೋದವರು ಕನ್ನಡಕದ ಅಂಗಡಿಗೂ ಹೋಗಿ ಬರುತ್ತೇವೆ. ಕಿವಿ ಮಂದವಾದರೆ ಮಾತ್ರ ಹಾಗಲ್ಲ. ಅದನ್ನು ವರ್ಷಗಟ್ಟಲೆ ಮುಚ್ಚಿಡುತ್ತೇವೆ. "ನೀವೆಲ್ಲ ಗೊಣಗಿಕೊಂಡು ಮಾತನಾಡುತ್ತೀರಿ" ಎಂದು ಮನೆಯವರನ್ನೇ ಗದರಿಸುತ್ತೇವೆ. ಕೊನೆಗೆ ಮಾತುಕತೆ ನಡೆಯುವ ಜಗಲಿಯನ್ನು ಬಿಟ್ಟು ಒಳಗಿನ ಕೋಣೆ ಸೇರುತ್ತೇವೆ. ವಯಸ್ಸಾಯಿತು, ಇನ್ನೇನು ಎಂದು ಮನೆಯವರೂ ಸುಮ್ಮನಾಗುತ್ತಾರೆ.

ನಮ್ಮ ಜಿಲ್ಲೆಯಲ್ಲಿ ಇದು ಬರಿಯ ಮಾತುಕತೆಯ ಪ್ರಶ್ನೆಯಲ್ಲ. ಬೆಳಗಿನ ಮಂಜಿನಲ್ಲಿ ಕಾಫಿ ತೋಟದೊಳಗೆ ಕಾಲಿಡುವವನಿಗೆ ಕಾಡಾನೆಯು ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುತ್ತದೆ. ಕೊಂಬೆ ಮುರಿಯುವ ಸದ್ದು, ಹಲಸಿನ ಹಣ್ಣು ಬಿದ್ದ ಸದ್ದು, ನಾಯಿ ಬೊಗಳುವ ದಿಕ್ಕು, ದೂರದಿಂದ ಮೇಸ್ತ್ರಿ ಕೂಗುವ ಕೂಗು: ಇವು ಕೇಳಿದವನು ಹಿಂದೆ ಸರಿದು ಬದುಕುತ್ತಾನೆ. ಕೇಳದವನು ಆನೆಯ ಬಳಿಗೇ ನಡೆದುಹೋಗುತ್ತಾನೆ. ಆದುದರಿಂದ ಕಿವಿಯ ವಿಚಾರವನ್ನು ನಾಚಿಕೆಯ ವಿಚಾರವೆಂದು ಬದಿಗಿಡಬಾರದು.

ಮೊದಲು ಕಾರಣ ತಿಳಿಯಿರಿ

ಕಾರಣ ತಿಳಿಯದೆ ಕಿವಿಗೆ ಯಂತ್ರ ಕೊಳ್ಳುವುದು ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ಸುರಿದಂತೆ. ಕೆಲವರಿಗೆ ಗುಗ್ಗೆ ಗಟ್ಟಿಯಾಗಿ ಕಿವಿ ಮುಚ್ಚಿರುತ್ತದೆ. ವೈದ್ಯರು ಅದನ್ನು ತೆಗೆದರೆ ಅಲ್ಲಿಗೆ ಮುಗಿಯಿತು, ಯಂತ್ರವೇ ಬೇಡ. ಕೆಲವರಿಗೆ ಚಿಕ್ಕಂದಿನಿಂದ ಕಿವಿ ಸೋರಿ ತಮಟೆಯಲ್ಲಿ ತೂತಾಗಿರುತ್ತದೆ. ಇದಕ್ಕೆ ಔಷಧವೂ ಶಸ್ತ್ರಚಿಕಿತ್ಸೆಯೂ ಉಂಟು. ಇಂತಹ ಕಿವಿಗೆ ಬಿಸಿ ಎಣ್ಣೆ, ಸೊಪ್ಪಿನ ರಸ ಬಿಡುವುದು, ಹೇರ್‌ಪಿನ್ನಿನಿಂದ ಕೆದಕುವುದು ಇದ್ದುದನ್ನೂ ಕಳೆದುಕೊಳ್ಳುವ ದಾರಿ. ಒಂದು ಕಿವಿ ಒಂದೆರಡು ದಿನಗಳಲ್ಲಿ ಇದ್ದಕ್ಕಿದ್ದಂತೆ ಕೇಳದಾದರೆ ಅದನ್ನು ಶೀತವೆಂದು ಬಗೆದು ಕಾಯಬೇಡಿ. ಅದೇ ದಿನ ಅಥವಾ ಮರುದಿನವೇ ಕಿವಿ ಮೂಗು ಗಂಟಲಿನ ವೈದ್ಯರನ್ನು ಕಾಣಬೇಕು. ತಡವಾದಷ್ಟೂ ಚಿಕಿತ್ಸೆಯ ಫಲ ಕಡಿಮೆ.

ಇನ್ನುಳಿದದ್ದು ವಯಸ್ಸು ಮತ್ತು ಸದ್ದು. ಒಳಗಿವಿಯಲ್ಲಿ ಕೂದಲಿನಂತಹ ಸೂಕ್ಷ್ಮ ಎಳೆಗಳುಳ್ಳ ಸುಮಾರು ೧೫ ಸಾವಿರ ಜೀವಕೋಶಗಳಿವೆ. ಸತ್ತವು ಮತ್ತೆ ಹುಟ್ಟುವುದಿಲ್ಲ. ಕೈಲ್‌ಪೊಳ್ದ್ ದಿನ ಕೋವಿಗೆ ಪೂಜೆ ಮಾಡಿ ತೆಂಗಿನಕಾಯಿಗೆ ಗುರಿಯಿಡುವ, ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಗುಂಡು ಹಾರಿಸುವ ನಾಡು ನಮ್ಮದು. ಕೋವಿಯ ಒಂದು ಗುಂಡಿನ ಸದ್ದು ೧೪೦ ಡೆಸಿಬೆಲ್ ಮೀರುತ್ತದೆ. ಇಷ್ಟು ಸದ್ದು ಒಂದೇ ಸಲ ಬಿದ್ದರೂ ಕಿವಿಗೆ ಪೆಟ್ಟಾಗಬಹುದು. ಬಲಗೈಯಲ್ಲಿ ಕೋವಿ ಹಿಡಿಯುವವರಿಗೆ ಸಾಮಾನ್ಯವಾಗಿ ಎಡಗಿವಿಯೇ ಹೆಚ್ಚು ಕೆಡುತ್ತದೆ, ಏಕೆಂದರೆ ನಳಿಕೆಯ ಬಾಯಿಗೆ ಅದೇ ಹತ್ತಿರ. ಸೈನ್ಯದಲ್ಲಿದ್ದು ಬಂದ ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿಗೆ ಇದು ಹೇಳದೆಯೇ ಗೊತ್ತು.

ಈಗ ಕೋವಿಗಿಂತಲೂ ಹೆಚ್ಚಾಗಿ ಕಿವಿ ತಿನ್ನುತ್ತಿರುವುದು ತೋಟದ ಯಂತ್ರಗಳು. ೮೫ ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ದುಡಿಯಬಹುದೆಂದು ತಜ್ಞರ ಲೆಕ್ಕ. ಸದ್ದು ಮೂರು ಡೆಸಿಬೆಲ್ ಏರಿದಂತೆಲ್ಲ ಈ ಹೊತ್ತು ಅರ್ಧಕ್ಕೆ ಇಳಿಯುತ್ತದೆ. ಹೀಗೆ ನೂರು ಡೆಸಿಬೆಲ್ಲಿಗೆ ಬಂದಾಗ ಉಳಿಯುವುದು ಹದಿನೈದೇ ನಿಮಿಷ. ಕಳೆ ಕೊಚ್ಚುವ ಯಂತ್ರ ನೂರರ ಆಸುಪಾಸಿನಲ್ಲಿ ಗರ್ಜಿಸುತ್ತದೆ. ಮರಗಸಿಗೆ ತರುವ ಮರ ಕೊಯ್ಯುವ ಗರಗಸ ಅದನ್ನೂ ಮೀರುತ್ತದೆ. ಇದನ್ನು ಇಡೀ ದಿನ ಹೆಗಲಿಗೆ ಹಾಕಿಕೊಂಡು ನಡೆಯುವ ಹುಡುಗನಿಗೆ ನಾಲ್ಕುನೂರು ರೂಪಾಯಿ ಕೂಲಿ ಹೆಚ್ಚು ಕೊಟ್ಟು ಕಿವಿಗೆ ಮುಚ್ಚಳ ಕೊಡದಿರುವುದು ನ್ಯಾಯವಲ್ಲ. ಹತ್ತಿ ತುರುಕಿದರೆ ಸಾಲದು. ಕಿವಿಯನ್ನು ಪೂರ್ತಿ ಮುಚ್ಚುವ ಮುಚ್ಚಳ ಬೇಕು. ಗುಂಡು ಹೊಡೆಯುವಾಗಲೂ ಅದೇ ಬೇಕು.

ಸದ್ದಿನಿಂದಾಗಲೀ ವಯಸ್ಸಿನಿಂದಾಗಲೀ ಮೊದಲು ಹೋಗುವುದು ಸಣ್ಣ, ಚೂಪು ಧ್ವನಿಗಳು. ಆದಕಾರಣ ಇಂತಹವರು "ಧ್ವನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ" ಎನ್ನುತ್ತಾರೆ. ಸಾಲು, ಕಾಲು, ಪಾಲು ಮೂರೂ ಒಂದೇ ಆಗಿ ಕೇಳುತ್ತವೆ. ಕಾಫಿ ವ್ಯಾಪಾರಿಯ ಮುಂದೆ ನಿಂತು ಚೀಲದ ಬೆಲೆ ತಪ್ಪಾಗಿ ಕೇಳಿಸಿಕೊಂಡು ತಲೆಯಾಡಿಸಿ ಬಂದವರುಂಟು. ಮತ್ತೊಮ್ಮೆ ಕೇಳಲು ಸಂಕೋಚವಾದರೆ "ಬರೆದು ಕೊಡಿ" ಎನ್ನಿ. ಇದರಲ್ಲಿ ಮರ್ಯಾದೆ ಹೋಗುವಂತಹದೇನಿಲ್ಲ.

ಪರೀಕ್ಷೆ ಎಲ್ಲಿ, ನೆರವು ಯಾರಿಂದ

ಮಡಿಕೇರಿಯ ಜಿಲ್ಲಾ ಆಸ್ಪತ್ರೆ ಈಗ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧನಾ ಆಸ್ಪತ್ರೆಯಾಗಿದೆ. ಮೊದಲು ಅಲ್ಲಿನ ಕಿವಿ ಮೂಗು ಗಂಟಲು ವಿಭಾಗಕ್ಕೆ ತೋರಿಸಿ. ಇನ್ನೂ ವಿವರವಾದ ಪರೀಕ್ಷೆಗೆ ನಮ್ಮ ಭಾಗ್ಯಕ್ಕೆ ಮೈಸೂರು ದೂರವಿಲ್ಲ. ೧೯೬೫ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮಾನಸಗಂಗೋತ್ರಿಯಲ್ಲಿದೆ. ದೇಶದ ನಾನಾ ಭಾಗಗಳಿಂದ ಜನರು ಹುಡುಕಿಕೊಂಡು ಬರುವ ಸಂಸ್ಥೆ ಅದು. ಕುಶಾಲನಗರದಿಂದ ಎರಡು ಎರಡೂವರೆ ಗಂಟೆಯ ಬಸ್ ದಾರಿ. ಬೆಳಗಿನ ಮೊದಲ ಬಸ್ಸಿಗೇ ಹೊರಡಿ. ಮನೆಯ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ಏಕೆಂದರೆ ಅಲ್ಲಿ ಹೇಳುವ ಸೂಚನೆಗಳನ್ನು ಕೇಳಿಸಿಕೊಳ್ಳುವ ಕಿವಿ ಒಂದಾದರೂ ಬೇಕು. ಪರೀಕ್ಷೆಯ ನಕ್ಷೆಯೊಂದನ್ನು ಕೊಡುತ್ತಾರೆ. ಅದನ್ನು ಆರ್.ಟಿ.ಸಿ.ಯಂತೆ ಜೋಪಾನವಾಗಿಡಿ. ಮುಂದೆ ಯಾವ ಸಾಧನವನ್ನು ಕೊಂಡರೂ ಆ ನಕ್ಷೆಯ ಪ್ರಕಾರವೇ ಹೊಂದಿಸಬೇಕು.

ಹಣದ ನೆರವಿಗೆ ಮುಖ್ಯವಾಗಿ ಮೂರು ದಾರಿಗಳಿವೆ. ಒಂದು, ಕೇಂದ್ರ ಸರ್ಕಾರದ 'ಅಡಿಪ್' ಯೋಜನೆ. ಇದಕ್ಕೆ ಶೇಕಡ ೪೦ ಅಥವಾ ಹೆಚ್ಚಿನ ಅಂಗವೈಕಲ್ಯದ ಪ್ರಮಾಣಪತ್ರ ಮತ್ತು ಆದಾಯದ ಪತ್ರ ಬೇಕು. ಹಿಂದಿನ ಮೂರು ವರ್ಷಗಳಲ್ಲಿ ಇದೇ ಸಾಧನವನ್ನು ಸರ್ಕಾರದಿಂದ ಪಡೆದಿರಬಾರದು. ಇಲ್ಲೊಂದು ತೊಡಕುಂಟು. ೨೦೧೬ರ ಕಾನೂನಿನಂತೆ ಎರಡೂ ಕಿವಿಗಳಲ್ಲಿ ೬೦ ಡೆಸಿಬೆಲ್ ನಷ್ಟವಾದಾಗಲೇ 'ಶ್ರವಣ ಮಂದ' ಎಂಬ ಗಣನೆ. ಜಗಲಿಯ ಮಾತು ತಪ್ಪಿಹೋಗಲು ಅಷ್ಟು ನಷ್ಟವಾಗಬೇಕಾಗಿಲ್ಲ, ೪೦ ಸಾಕು. ಹೀಗೆ ಯಂತ್ರ ಬೇಕಾದ ಎಷ್ಟೋ ಮಂದಿಗೆ ಪತ್ರ ಸಿಕ್ಕುವುದಿಲ್ಲ. ಅಂತಹವರಲ್ಲಿ ೬೦ ವರ್ಷ ದಾಟಿದ ಬಡವರಿಗೆ ಎರಡನೆಯ ದಾರಿ ಇದೆ. ಅದು ೨೦೧೭ರಲ್ಲಿ ಆರಂಭವಾದ ರಾಷ್ಟ್ರೀಯ ವಯೋಶ್ರೀ ಯೋಜನೆ. ಕಾನ್ಪುರದ ಅಲಿಮ್ಕೊ ಸಂಸ್ಥೆಯವರು ಶಿಬಿರ ನಡೆಸಿ ಸಾಧನ ಹಂಚುತ್ತಾರೆ. ಮೂರನೆಯದು ಮಾಜಿ ಸೈನಿಕರಿಗೆ ಮತ್ತು ಅವರ ಪತ್ನಿಯರಿಗೆ ಇ.ಸಿ.ಎಚ್.ಎಸ್. ಸೌಲಭ್ಯ. ಆದಾಯದ ಮಿತಿಗಳು ಆಗಾಗ ಬದಲಾಗುವುದರಿಂದ ಹೋಗುವ ಮುನ್ನ ನಿಮ್ಮ ಗ್ರಾಮ ಪಂಚಾಯತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ಇಂತಹ ಕಾರ್ಯಕರ್ತರೊಬ್ಬರು ಇದ್ದಾರೆಂಬುದೇ ಅನೇಕರಿಗೆ ತಿಳಿದಿಲ್ಲ.

ಮಗುವಿನ ವಿಷಯದಲ್ಲಿ ಮಾತ್ರ ಯಾವುದಕ್ಕೂ ಕಾಯಬಾರದು. ಬಾಗಿಲು ಬಡಿದರೂ ಬೆಚ್ಚದ ಕೂಸನ್ನು "ಮುಂದೆ ಸರಿಹೋಗುತ್ತದೆ" ಎಂದು ಬಿಡದೆ ಕೂಡಲೇ ಮೈಸೂರಿಗೆ ಕರೆದೊಯ್ಯಿರಿ. ಕೇಳದ ಮಗುವಿಗೆ ಮಾತೂ ಬರುವುದಿಲ್ಲ. ಮೊದಲ ಒಂದೆರಡು ವರ್ಷ ಅಮೂಲ್ಯ.

ಯಾವುದನ್ನು ಕೊಳ್ಳಬೇಕು?

ಜಾತ್ರೆಯಲ್ಲಿ, ಮೊಬೈಲಿನ ಜಾಹೀರಾತಿನಲ್ಲಿ ಸಾವಿರ ರೂಪಾಯಿಗೆ 'ಕಿವಿ ಮಿಷನ್' ಸಿಕ್ಕುತ್ತದೆ. ಅದು ಎಲ್ಲ ಸದ್ದನ್ನೂ ಒಂದೇ ಸಮನೆ ದೊಡ್ಡದು ಮಾಡುವ ಪೆಟ್ಟಿಗೆ. ನಿಮಗೆ ಬೇಕಾದ ಸಣ್ಣ ಧ್ವನಿಯ ಜೊತೆಗೆ ಬೇಡವಾದ ಮಿಕ್ಸಿಯ ಅರಚಾಟವನ್ನೂ ಹಿಗ್ಗಿಸಿ, ಉಳಿದ ಕಿವಿಯನ್ನೂ ಕೆಡಿಸಬಲ್ಲದು. ತೀರಿಹೋದ ಅಜ್ಜನವರ ಯಂತ್ರವನ್ನು ಮೊಮ್ಮಗ ಹಾಕಿಕೊಳ್ಳುವುದೂ ಹೀಗೆಯೇ. ಅದು ಅವರ ಕಿವಿಗೆ ಹೊಂದಿಸಿದ್ದು. ನಿಜವಾದ ಶ್ರವಣ ಸಾಧನ ನಿಮ್ಮ ನಕ್ಷೆಯಲ್ಲಿ ಎಲ್ಲಿ ಕೊರತೆಯೋ ಅಲ್ಲಿ ಮಾತ್ರ ತುಂಬಿಕೊಡುತ್ತದೆ.

ಖಾಸಗಿ ಅಂಗಡಿಗಳಲ್ಲಿ ಇವುಗಳ ಬೆಲೆ ಕೆಲವು ಸಾವಿರದಿಂದ ಲಕ್ಷಕ್ಕೂ ಮೀರಿ ಇರುತ್ತದೆ. ದುಬಾರಿಯದೇ ಒಳ್ಳೆಯದೆಂದು ಸಾಲ ಮಾಡಬೇಡಿ. ಹೆಚ್ಚಿನ ಬೆಲೆ ಬಹಳ ಮಟ್ಟಿಗೆ ಫೋನಿನೊಡನೆ ಜೋಡಿಸುವ, ಕಿವಿಯೊಳಗೆ ಕಾಣದಂತೆ ಅಡಗುವ ಸೌಕರ್ಯಗಳಿಗೆ ಸಲ್ಲುತ್ತದೆ. ನಮ್ಮ ರೈತರಿಗೆ ಕಿವಿಯ ಹಿಂದೆ ಕೂರುವ, ಕಿವಿಯ ಅಚ್ಚು ತೆಗೆದು ಮಾಡಿದ ಬಿರಡೆಯುಳ್ಳ ಸಾಧನವೇ ಮೇಲೆಂದು ನನ್ನ ಅಭಿಪ್ರಾಯ. ಗುದ್ದಲಿ ಹಿಡಿದು ಗಡುಸಾದ ಬೆರಳಿಗೆ ಅದು ಸಿಕ್ಕುತ್ತದೆ, ಸೆಲ್ ದೊಡ್ಡದು, ರಿಪೇರಿ ಸುಲಭ. ಕಾಣುತ್ತದೆಂಬ ಚಿಂತೆ ಬಿಡಿ. ಕಂಡರೆ ಎದುರಿನವರು ಸ್ವಲ್ಪ ನಿಧಾನವಾಗಿ ಮಾತನಾಡುತ್ತಾರೆ, ಅದೂ ಲಾಭವೇ.

ಸೆಲ್ಲಿನದೋ ಚಾರ್ಜ್ ಮಾಡುವುದೋ ಎಂದು ಅಂಗಡಿಯವರು ಕೇಳುತ್ತಾರೆ. ಬೆಂಗಳೂರಿನವರಿಗೆ ಚಾರ್ಜಿನದು ಸರಿ. ಆಟಿ ತಿಂಗಳಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇಲ್ಲದ ನಮ್ಮ ಊರುಗಳಲ್ಲಿ ಸೆಲ್ಲಿನದೇ ವಾಸಿ. ಸೆಲ್ಲಿನ ಮೇಲಿನ ಬಣ್ಣದ ಪಟ್ಟಿಯ ಗುರುತಿಟ್ಟುಕೊಳ್ಳಿ: ೧೩ ನಂಬರಿನದು ಕಿತ್ತಳೆ, ೬೭೫ ನಂಬರಿನದು ನೀಲಿ. ಪಟ್ಟಿ ಕಿತ್ತು ಒಂದೆರಡು ನಿಮಿಷ ಗಾಳಿಗೆ ಬಿಟ್ಟು ಆಮೇಲೆ ಹಾಕಬೇಕು. ಒಮ್ಮೆ ಕಿತ್ತರೆ ಬಳಸಲಿ ಬಿಡಲಿ ಅದು ಸವೆಯುತ್ತಲೇ ಇರುತ್ತದೆ.

ಎರಡೂ ಕಿವಿ ಮಂದವಾಗಿದ್ದರೆ, ಕೈ ಸಾಗಿದರೆ, ಎರಡಕ್ಕೂ ಹಾಕಿಸಿ. ಸದ್ದು ಯಾವ ದಿಕ್ಕಿನಿಂದ ಬಂದಿತೆಂದು ತಿಳಿಯುವುದು ಎರಡು ಕಿವಿಗಳ ಹೋಲಿಕೆಯಿಂದ. ಒಂದೇ ಕಿವಿಯಿಂದ ಕೇಳುವವನಿಗೆ ಆನೆ ಇದೆಯೆಂದು ತಿಳಿದೀತು, ಎಲ್ಲಿದೆಯೆಂದು ತಿಳಿಯುವುದು ಕಷ್ಟ.

ಕೊಡುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿದ ಶ್ರವಣ ತಜ್ಞರೇ ಎಂದು ಕೇಳಿ. ಕೊಳ್ಳುವ ಮೊದಲು ಕೆಲವು ದಿನ ಮನೆಯಲ್ಲಿ ಹಾಕಿ ನೋಡಲು ಕೊಡುತ್ತಾರೆಯೇ, ಎಷ್ಟು ವರ್ಷ ಗ್ಯಾರಂಟಿ, ಮತ್ತೆ ಹೊಂದಿಸಲು ಎಷ್ಟು ಸಲ ಬರಬಹುದು, ರಿಪೇರಿ ಎಲ್ಲಿ ಎಂಬುದನ್ನು ರಸೀದಿಯ ಮೇಲೆ ಬರೆಸಿ. ಮಡಿಕೇರಿಯಲ್ಲೋ ಮೈಸೂರಿನಲ್ಲೋ ರಿಪೇರಿಯಾಗದ ಯಂತ್ರ ಎಷ್ಟು ಅಗ್ಗವಾದರೂ ಬೇಡ.

ಹಾಕಿಕೊಂಡ ಮೇಲೆ

ನಮ್ಮಲ್ಲಿ ಶ್ರವಣ ಸಾಧನಗಳು ಹಾಳಾಗುವುದಕ್ಕಿಂತ ಹೆಚ್ಚಾಗಿ ಬೀರು ಸೇರುತ್ತವೆ. ಮೊದಲ ದಿನ ಹಾಕಿದವರಿಗೆ ತಮ್ಮ ಮಾತೇ ಹಂಡೆಯೊಳಗಿಂದ ಬಂದಂತೆ, ಪಾತ್ರೆಯ ಸದ್ದು ಸಿಡಿಲಿನಂತೆ ಕೇಳುತ್ತದೆ. "ಇದು ಸರಿಯಿಲ್ಲ" ಎಂದು ತೆಗೆದಿಡುತ್ತಾರೆ. ಯಂತ್ರ ಸರಿಯಾಗಿಯೇ ಇರಬಹುದು. ವರ್ಷಗಳಿಂದ ಕೇಳದೆ ಇದ್ದ ಸದ್ದುಗಳನ್ನು ಮಿದುಳು ಮರೆತಿರುತ್ತದೆ, ಮತ್ತೆ ಕಲಿಯಬೇಕು. ಮೊದಲ ವಾರ ಮನೆಯೊಳಗೆ ದಿನಕ್ಕೆ ಒಂದೆರಡು ಗಂಟೆ, ಒಬ್ಬರೊಡನೆ ಮಾತನಾಡುವಾಗ ಹಾಕಿ. ಆಮೇಲೆ ಅಂಗಳ, ಅಂಗಡಿ, ಸಂತೆ. ಮದುವೆ ಮನೆಯ ವಾಲಗ ಕೊನೆಗೆ ಬರಲಿ. ಯಾವ ಸದ್ದು ಚುಚ್ಚಿತು, ಯಾರ ಮಾತು ತಿಳಿಯಲಿಲ್ಲ ಎಂದು ಬರೆದಿಟ್ಟು ತಜ್ಞರಿಗೆ ತೋರಿಸಿ. ಅವರು ಕಂಪ್ಯೂಟರಿನಲ್ಲಿ ತಿದ್ದಿ ಕೊಡುತ್ತಾರೆ. ಎರಡು ಮೂರು ಸಲ ಹೋಗಲೇಬೇಕಾಗುತ್ತದೆ. ಒಂದೇ ಸಲಕ್ಕೆ ಸರಿಹೋಗಬೇಕೆಂದು ಹಟ ಹಿಡಿದವರ ಯಂತ್ರವೇ ಬೀರು ಸೇರುವುದು.

ಮನೆಯವರಿಗೂ ಕೆಲಸವುಂಟು. ಅಡುಗೆಮನೆಯಿಂದ ಕೂಗಬೇಡಿ. ಮೊದಲು ಹೆಸರು ಹಿಡಿದು ಕರೆದು, ಎದುರಿಗೆ ಬಂದು, ಮುಖದ ಮೇಲೆ ಬೆಳಕು ಬೀಳುವಂತೆ ನಿಂತು ಮಾತನಾಡಿ. ಕಿರುಚಿದರೆ ಮಾತು ಒಡೆಯುತ್ತದೆ. ತಿಳಿಯದಿದ್ದರೆ ಅದೇ ಮಾತನ್ನು ಹತ್ತು ಸಲ ಹೇಳುವ ಬದಲು ಬೇರೆ ಮಾತಿನಲ್ಲಿ ಹೇಳಿ. ಶೀಟಿನ ಮೇಲೆ ಮಳೆ ಬಡಿಯುವಾಗ ಯಾವ ಯಂತ್ರವೂ ಸೋಲುತ್ತದೆ. ಒಳಕೋಣೆಗೆ ಕರೆದೊಯ್ದು ಮಾತನಾಡಿ. "ಏನಿಲ್ಲ ಬಿಡಿ" ಎಂಬ ಮಾತನ್ನು ಮಾತ್ರ ಆಡಬೇಡಿ. ಕಿವಿ ಕೇಳದವರಿಗೆ ಇದಕ್ಕಿಂತ ನೋವಿನ ಮಾತಿಲ್ಲ.

ನಮ್ಮ ಮಳೆಗಾಲವೇ ಈ ಸಾಧನದ ದೊಡ್ಡ ಶತ್ರು. ಗೋಡೆಗೆ ಬೂಷ್ಟು ಹಿಡಿಯುವ ತೇವ ಇದರೊಳಗೂ ಇಳಿಯುತ್ತದೆ. ರಾತ್ರಿ ಸೆಲ್ ತೆಗೆದು, ಅದರ ಬಾಗಿಲನ್ನು ತೆರೆದು, ಸಿಲಿಕಾ ಜೆಲ್ ಹರಳು ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಹರಳು ಬಣ್ಣ ಬದಲಿಸಿದರೆ ತೇವ ಹೀರಿ ತುಂಬಿದೆ ಎಂದರ್ಥ, ಬದಲಾಯಿಸಬೇಕು. ಮೆಣಸು ಒಣಗಿಸಿದಂತೆ ಒಲೆಯ ಮೇಲಿನ ಅಟ್ಟದಲ್ಲಿ ಇಡಬೇಡಿ, ಶಾಖಕ್ಕೆ ಹೊಗೆಗೆ ಕೆಡುತ್ತದೆ. ಸ್ನಾನಕ್ಕೆ, ಜೋರು ಮಳೆಗೆ, ಔಷಧ ಸಿಂಪಡಿಸುವ ಕೆಲಸಕ್ಕೆ ತೆಗೆದಿಡಿ. ಮರ ಕೊಯ್ಯುವ ಯಂತ್ರದ ಹತ್ತಿರ ಅದನ್ನು ತೆಗೆದು ಕಿವಿಗೆ ಮುಚ್ಚಳ ಹಾಕಿಕೊಳ್ಳಿ. ಬಿರಡೆಯ ಗುಗ್ಗೆಯನ್ನು ದಿನವೂ ಒಣ ಬಟ್ಟೆಯಿಂದ ಒರೆಸಿ. ಕೊಳವೆ ಗಟ್ಟಿಯಾಗಿ ಹಳದಿಯಾದರೆ ಹೊಸದು ಹಾಕಿಸಿ. ಮತ್ತೊಂದು ಮಾತು: ಜಗಲಿಯ ಮೇಲೆ ತೆಗೆದಿಡಬೇಡಿ. ಕಿವಿಯ ವಾಸನೆಗೋ ಅದು ಹೊರಡಿಸುವ ಸಣ್ಣ ಸಿಳ್ಳಿಗೋ ನಾಯಿಗಳಿಗೆ ಇದೆಂದರೆ ಬಲು ಇಷ್ಟ. ಹತ್ತು ಸಾವಿರದ ವಸ್ತು ಅರೆ ನಿಮಿಷದಲ್ಲಿ ಚೂರಾಗುತ್ತದೆ.

ಅದೇ ನಾಯಿಯನ್ನು ತೋಟಕ್ಕೆ ಹೋಗುವಾಗ ಗಮನಿಸುತ್ತಿರಿ. ಸಾಧನ ಹಾಕಿದರೂ ಕಿವಿ ಹಿಂದಿನಂತಾಗುವುದಿಲ್ಲ, ದೂರದ ಸದ್ದು ತಪ್ಪುವುದುಂಟು. ನಾಯಿ ನಿಂತು ಕಿವಿ ನಿಮಿರಿಸಿದರೆ ನೀವೂ ನಿಲ್ಲಿ. ಮುಂಜಾನೆ, ಮುಸ್ಸಂಜೆ ಒಬ್ಬರೇ ಹೋಗಬೇಡಿ. ಕಿವಿ ಚುರುಕಾಗಿರುವವರು ಮುಂದೆ ನಡೆಯಲಿ. ಅರಣ್ಯ ಇಲಾಖೆಯ ಆನೆ ಸಂಚಾರದ ಸೂಚನೆಗಳು ಮೊಬೈಲಿನಲ್ಲಿ ಬರಹವಾಗಿ ಬರುವ ಕಡೆ ನಿಮ್ಮ ನಂಬರನ್ನೂ ಸೇರಿಸಿ, ಗೇಟು ತೆರೆಯುವ ಮೊದಲು ಒಮ್ಮೆ ಓದಿಕೊಳ್ಳಿ. ಕಿವಿ ಕೇಳದ ಆಳು ತೋಟದಲ್ಲಿದ್ದರೆ ರೈಟರಿಗೂ ಮೇಸ್ತ್ರಿಗೂ ಅದನ್ನು ಮೊದಲೇ ಹೇಳಿಟ್ಟಿರಿ. ಆನೆ ಬಂದಾಗ ಅವನನ್ನು ಕೂಗಿ ಫಲವಿಲ್ಲ, ಹೋಗಿ ಕೈ ಹಿಡಿದು ಕರೆತರುವವರು ಯಾರೆಂಬುದು ಬೆಳಿಗ್ಗೆಯೇ ಗೊತ್ತಾಗಿರಬೇಕು.