ಬೆಕ್ಕಿನ ಕಿವಿಯಂಚಿನ ಒಂದು ಹನಿ

ಮರಿಯಮ್ಮನಹಳ್ಳಿಯಲ್ಲಿ ಲ್ಯಾಬ್ ನಡೆಸುವವಳು ನಾನು. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಖಾಲಿ ಹೊಟ್ಟೆಯಲ್ಲಿ ಕಾಯುತ್ತ ಕೂತವರಲ್ಲಿ ಬಹಳ ಜನ ಶುಗರ್‌ನವರು. ದೇಶದಲ್ಲಿ ಹತ್ತು ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ ಇದೆ ಎಂದು ಐಸಿಎಂಆರ್ ಅಧ್ಯಯನ 2023ರಲ್ಲಿ ಲೆಕ್ಕ ಕೊಟ್ಟಿತು. ನಮ್ಮ ಓಣಿಯಲ್ಲೇ ನೋಡಿದರೆ ಟಿವಿ ಪಕ್ಕದಲ್ಲೊಂದು ಗ್ಲುಕೋಮೀಟರ್ ಇಲ್ಲದ ಮನೆ ಕಡಿಮೆ. ಹೀಗಾಗಿ ನಮ್ಮ ಕೆಂಚ ಬೆಕ್ಕಿಗೆ ಅದೇ ಕಾಯಿಲೆ ಬಂದಾಗ ಮನೆಯಲ್ಲಿ ಮೀಟರ್ ಇತ್ತು, ಸೂಜಿ ಇತ್ತು, ರಕ್ತ ತೆಗೆದು ಪಳಗಿದ ಕೈಯೂ ಇತ್ತು. ಅಷ್ಟಿದ್ದರೂ ಬೆಕ್ಕಿನಿಂದ ಒಂದು ಹನಿ ಪಡೆಯುವ ವಿದ್ಯೆಯನ್ನು ಬೇರೆಯಾಗಿಯೇ ಕಲಿಯಬೇಕಾಯಿತು. ಆಮೇಲೆ ಹೊಸಪೇಟೆ, ಸಂಡೂರು, ಕಂಪ್ಲಿ ಕಡೆಯಿಂದ ಇದೇ ತೊಂದರೆ ಹೇಳಿಕೊಂಡು ಬಂದವರಿಗೆ ತೋರಿಸಿಕೊಟ್ಟಿದ್ದೇನೆ. ಎಲ್ಲವನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ. ಔಷಧದ ಪ್ರಮಾಣ ಹೇಳುವುದು ಪಶುವೈದ್ಯರ ಕೆಲಸ. ನಾನು ಹೇಳುವುದು ಆ ಹನಿಯ ಬಗ್ಗೆ ಮತ್ತು ಅದರಿಂದ ಬರುವ ಅಂಕಿಯ ಬಗ್ಗೆ.

1. ಇರುವೆ ಮುತ್ತಿದರೆ ಸುಮ್ಮನಿರಬೇಡಿ

ಬೆಕ್ಕು ಉಚ್ಚೆ ಹೊಯ್ದ ಜಾಗಕ್ಕೆ ಇರುವೆ ಮುತ್ತುವುದು ನಮ್ಮ ಕಡೆ ಮೊದಲು ಕಣ್ಣಿಗೆ ಬೀಳುವ ಸುಳಿವು. ಜೊತೆಗೆ ನೀರಿನ ಬಟ್ಟಲು ಬೇಗ ಖಾಲಿಯಾಗುತ್ತದೆ, ಬಚ್ಚಲ ಬಕೆಟ್ಟಿಗೂ ಬಾಯಿ ಹಾಕುತ್ತದೆ. ಹೊಟ್ಟೆ ತುಂಬ ತಿಂದರೂ ಬೆನ್ನೆಲುಬು ಕೈಗೆ ಸಿಗತೊಡಗುತ್ತದೆ. ಕಾಯಿಲೆ ಹಳೆಯದಾದರೆ ಹಿಂಗಾಲಿನ ನರ ಸೋತು, ಬೆಕ್ಕು ಬೆರಳ ಮೇಲೆ ನಡೆಯುವುದನ್ನು ಬಿಟ್ಟು ಹಿಮ್ಮಡಿ ನೆಲಕ್ಕೂರಿ ನಡೆಯುತ್ತದೆ. ಇದನ್ನು ‘ವಯಸ್ಸಾಯ್ತು’ ಎಂದು ಬಿಟ್ಟುಬಿಡುವವರು ಬಹಳ. ಏಳೆಂಟು ವರ್ಷ ದಾಟಿದ, ಬೀಜ ತೆಗೆಸಿದ, ಮೈ ತುಂಬಿದ ಗಂಡು ಬೆಕ್ಕುಗಳಿಗೆ ಈ ಕಾಯಿಲೆ ಬರುವುದು ಹೆಚ್ಚು. ತುರಿಕೆಗೆಂದು ಸ್ಟೀರಾಯ್ಡ್ ಕೊಟ್ಟಿದ್ದರೆ ಅದೂ ಕಾರಣವಾಗಬಹುದು, ವೈದ್ಯರಿಗೆ ಮರೆಯದೆ ಹೇಳಿ.

2. ಹೆದರಿದ ಬೆಕ್ಕಿನ ಅಂಕಿ ಹೆದರಿಕೆಯದ್ದೂ ಆಗಿರುತ್ತದೆ

ಆರೋಗ್ಯವಂತ ಬೆಕ್ಕಿನ ರಕ್ತದಲ್ಲಿ ಸಕ್ಕರೆ ಸಾಮಾನ್ಯವಾಗಿ ಡೆಸಿಲೀಟರಿಗೆ 70ರಿಂದ 150 ಮಿಲಿಗ್ರಾಂ. ಅದೇ ಬೆಕ್ಕನ್ನು ಚೀಲದಲ್ಲಿ ಹಾಕಿ, ಹೆದ್ದಾರಿಯ ಲಾರಿಗಳ ನಡುವೆ ಹೊಸಪೇಟೆಗೆ ಒಯ್ದು, ನಾಯಿಗಳು ಬೊಗಳುವಲ್ಲಿ ಮೇಜಿನ ಮೇಲೆ ಒತ್ತಿ ಹಿಡಿದು ರಕ್ತ ತೆಗೆದರೆ ಅಂಕಿ 300 ದಾಟಬಹುದು. ಹೆದರಿಕೆಗೆ ಅಡ್ರಿನಲಿನ್ ಹರಿಯುತ್ತದೆ, ಯಕೃತ್ತು ತನ್ನಲ್ಲಿ ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಎಲ್ಲ ಪ್ರಾಣಿಗಳಲ್ಲೂ ಇದು ಆಗುವುದೇ, ಬೆಕ್ಕಿನಲ್ಲಿ ವಿಪರೀತ. ಅದಕ್ಕೇ ಒಳ್ಳೆಯ ವೈದ್ಯರು ಒಂದೇ ಅಂಕಿ ನೋಡಿ ಕಾಯಿಲೆ ಎನ್ನುವುದಿಲ್ಲ. ಮೂತ್ರದಲ್ಲಿ ಸಕ್ಕರೆ ಇದೆಯೇ ನೋಡುತ್ತಾರೆ, ಹಿಂದಿನ ಒಂದೆರಡು ವಾರದ ಸರಾಸರಿ ಹೇಳುವ ಫ್ರಕ್ಟೋಸಮೈನ್ ಪರೀಕ್ಷೆ ಮಾಡಿಸುತ್ತಾರೆ.

ಮನೆಯಲ್ಲೇ ನೋಡಬೇಕು ಎಂದು ನಾನು ಇಷ್ಟು ಒತ್ತಿ ಹೇಳುವುದು ಈ ಕಾರಣಕ್ಕೆ. ಖರ್ಚು ಉಳಿಯುತ್ತದೆ ಎನ್ನುವುದು ಆಮೇಲಿನ ಮಾತು. ತನ್ನದೇ ಗೋಣಿತಾಟಿನ ಮೇಲೆ ಮಲಗಿದ ಬೆಕ್ಕಿನ ಅಂಕಿಯೇ ನಿಜಕ್ಕೆ ಹತ್ತಿರ. ಹಾಗೆಂದರೆ ಮನೆಯಲ್ಲೂ ಮಂಚದಡಿಯಿಂದ ಎಳೆದು, ಇಬ್ಬರು ಕಾಲು ಹಿಡಿದು ಚುಚ್ಚಿದರೆ ಬರುವುದು ಮತ್ತದೇ ಆಸ್ಪತ್ರೆಯ ಅಂಕಿ.

3. ಸೂಜಿಗೆ ಮುಂಚೆ ಬೆರಳು

ಮೊದಲ ದಿನವೇ ಚುಚ್ಚಬೇಡಿ. ವೈದ್ಯರು ಅವಸರವಿಲ್ಲ ಎಂದಿದ್ದರೆ ಕೆಲವು ದಿನ ಬರೀ ಕಿವಿ ಮುಟ್ಟುವುದೇ ಕೆಲಸ. ದಿನಾ ಒಂದೇ ಹೊತ್ತು, ಒಂದೇ ಜಾಗ, ಒಂದೇ ಚಾಪೆ. ಕಿವಿಯ ಅಂಚನ್ನು ಹೆಬ್ಬೆರಳಿಂದ ಮೆಲ್ಲಗೆ ತೀಡಿ, ಹತ್ತಿಯಿಂದ ಒತ್ತಿ, ಮೀಟರ್ ಆನ್ ಮಾಡಿ ಅದರ ಬೀಪ್ ಕೇಳಿಸಿ, ಒಂದು ಚೂರು ಬೇಯಿಸಿದ ಕೋಳಿಯನ್ನೋ ಮೀನನ್ನೋ ಕೊಟ್ಟು ಬಿಟ್ಟುಬಿಡಿ. ಉಪ್ಪು ಖಾರ ಬೇಡ. ತುಂಗಭದ್ರಾ ಹಿನ್ನೀರಿನ ಮೀನು ನಮ್ಮಲ್ಲಿ ಸುಲಭವಾಗಿ ಸಿಗುತ್ತದೆ, ಅದರಲ್ಲಿ ಪಿಷ್ಟವಿಲ್ಲ, ಒಂದು ಚೂರಿನಿಂದ ಅಂಕಿ ಏರುವುದಿಲ್ಲ. ಬಿಸ್ಕತ್ತು, ಹಾಲು, ರೊಟ್ಟಿ ಚೂರು ಕೊಟ್ಟರೆ ಏರುತ್ತದೆ.

ಚುಚ್ಚಿದ ದಿನ ಹನಿ ಬರದಿದ್ದರೂ ಆ ಚೂರು ಕೊಡಲೇಬೇಕು. ಇದನ್ನು ಜನ ಒಪ್ಪುವುದಿಲ್ಲ. ಸಂಡೂರಿನ ಹಿರಿಯರೊಬ್ಬರು, “ಯಕ್ಕಾ, ರಕ್ತಾನೇ ಕೊಡ್ಲಿಲ್ಲ ಅದು, ಅದಕ್ಯಾಕ ಮೀನು?” ಅಂದರು. ಬೆಕ್ಕಿಗೆ ನಮ್ಮ ಹನಿಯ ಲೆಕ್ಕ ಗೊತ್ತಿಲ್ಲ. ಈ ಚಾಪೆಯ ಮೇಲೆ ಕೂತರೆ ಕೊನೆಗೆ ಮೀನು ಬರುತ್ತದೆ ಎನ್ನುವುದಷ್ಟೇ ಅದಕ್ಕೆ ಗೊತ್ತಿರಬೇಕು. ಒಂದು ಸಲಕ್ಕೆ ಎರಡು ಚುಚ್ಚು, ಅದಕ್ಕಿಂತ ಹೆಚ್ಚು ಬೇಡ. ಎರಡರಲ್ಲೂ ಬರಲಿಲ್ಲವೆಂದರೆ ಬಿಟ್ಟುಬಿಡಿ, ತಾಸು ಬಿಟ್ಟು ನೋಡೋಣ. ಕುಕ್ಕರ್ ಕೂಗುವಾಗ, ಓಣಿಯಲ್ಲಿ ಡಿಜೆ ಹಾಕಿದಾಗ ಕೂರಿಸಲೇಬೇಡಿ.

4. ಅಂಚಿನಲ್ಲಿ ಚುಚ್ಚಿ, ನರದಲ್ಲಲ್ಲ

ಮನುಷ್ಯರ ಬೆರಳ ತುದಿಯಂತೆ ಬೆಕ್ಕಿಗೆ ಕಿವಿಯಂಚು. ಕಿವಿಯ ಹಿಂದೆ ಮೊಬೈಲ್ ಟಾರ್ಚ್ ಹಿಡಿದರೆ ಅಂಚಿನುದ್ದಕ್ಕೂ ಒಂದು ಸಣ್ಣ ನರ, ಅಂದರೆ ರಕ್ತನಾಳ, ಕಾಣುತ್ತದೆ. ಚುಚ್ಚಬೇಕಾದ್ದು ಆ ನರಕ್ಕೂ ಅಂಚಿಗೂ ನಡುವಿನ ಕಿರಿದಾದ ಪಟ್ಟಿಯಲ್ಲಿ. ಅಲ್ಲಿ ಕೂದಲಿನಂಥ ಸಣ್ಣ ನಾಳಗಳು ಬಹಳ ಇವೆ, ನೋವು ಕಡಿಮೆ. ನರಕ್ಕೇ ಚುಚ್ಚಿದರೆ ರಕ್ತ ಜಾಸ್ತಿ ಬಂದು ಕಿವಿ ಕಂದುತ್ತದೆ.

ತಣ್ಣಗಿರುವ ಕಿವಿ ರಕ್ತ ಕೊಡುವುದಿಲ್ಲ. ಮನೆಯಲ್ಲಿ ಹನಿ ಬರುತ್ತಿಲ್ಲ ಎಂದು ನನ್ನ ಹತ್ತಿರ ಬಂದವರಲ್ಲಿ ಹೆಚ್ಚಿನವರ ತೊಂದರೆ ಇಷ್ಟೇ. ಬೇಸಿಗೆಯಲ್ಲಿ ನಮ್ಮೂರಲ್ಲಿ ಈ ಮಾತೇ ಬೇಡ. ಡಿಸೆಂಬರಿನ ಬೆಳಗಿನ ಜಾವ ಮಾತ್ರ ಕಿವಿ ಬೆಚ್ಚಗೆ ಮಾಡಲೇಬೇಕು. ಒಂದು ಹಿಡಿ ಅಕ್ಕಿಯನ್ನು ಹಂಚಿನ ಮೇಲೆ ಬೆಚ್ಚಗೆ ಮಾಡಿ ಹಳೆಯ ಕಾಲುಚೀಲಕ್ಕೆ ತುಂಬಿ ಗಂಟು ಹಾಕಿ. ನಿಮ್ಮ ಮುಂಗೈ ಒಳಗೆ ಇಟ್ಟು ನೋಡಿ, ಸುಡಬಾರದು. ಒಂದು ನಿಮಿಷ ಕಿವಿಗೆ ಒತ್ತಿ ಹಿಡಿಯಿರಿ. ಆಮೇಲೆ ಬೆಚ್ಚನೆಯ ಒದ್ದೆ ಬಟ್ಟೆಯಿಂದ ಒರೆಸಿ ಪೂರ್ತಿ ಒಣಗಿಸಿ. ಸಂಡೂರು ಹಾದಿಯ ಕಡೆ ಅದಿರಿನ ಕೆಂಪು ಧೂಳು ಕಿವಿಯಂಚಿನ ಕೂದಲಲ್ಲಿ ಕೂತಿರುತ್ತದೆ, ಅದು ಹೋಗಬೇಕು. ನಿಮ್ಮ ಕೈಯನ್ನೂ ತೊಳೆದುಕೊಳ್ಳಿ. ಬೆಲ್ಲ, ಹಣ್ಣು ಮುಟ್ಟಿದ ಬೆರಳು ತಗುಲಿದರೂ ಸ್ಟ್ರಿಪ್ ಹೆಚ್ಚು ತೋರಿಸುತ್ತದೆ. ಸ್ಪಿರಿಟ್ ಹಚ್ಚಬೇಡಿ. ಲ್ಯಾಬಿನಲ್ಲಿ ಅದಿಲ್ಲದೆ ನಾನು ಸೂಜಿ ಮುಟ್ಟುವುದಿಲ್ಲ, ಆದರೆ ಬೆಕ್ಕಿಗೆ ಆ ವಾಸನೆ ಆಗದು, ಉರಿಯುತ್ತದೆ, ಒಣಗದಿದ್ದರೆ ಅಂಕಿಯೂ ಕೆಡುತ್ತದೆ.

ಒಣಗಿದ ಅಂಚಿಗೆ ಬಹಳ ತೆಳ್ಳಗೆ ವ್ಯಾಸಲೀನ್ ಸವರಿದರೆ ಹನಿ ಕೂದಲಿಗೆ ಹರಡದೆ ಗುಂಡಗೆ ನಿಲ್ಲುತ್ತದೆ. ಕಿವಿಯ ಹಿಂದೆ ಮಡಚಿದ ಹತ್ತಿ ಇಟ್ಟುಕೊಂಡರೆ ನಿಮ್ಮ ಬೆರಳೂ ಉಳಿಯುತ್ತದೆ, ಕಿವಿಯೂ ಬಾಗುವುದಿಲ್ಲ. ಮೀಟರಿನ ಜೊತೆ ಬರುವ ಪೆನ್ನಿನ ‘ಟಕ್’ ಸದ್ದಿಗೆ ಬಹಳ ಬೆಕ್ಕುಗಳು ಬೆಚ್ಚುತ್ತವೆ. ಲ್ಯಾನ್ಸೆಟ್ಟನ್ನು ಕೈಯಲ್ಲೇ ಹಿಡಿದು ಚುಚ್ಚುವುದನ್ನು ರೂಢಿಸಿಕೊಳ್ಳಿ. ಕೈ ಪಳಗುವ ತನಕ ತೀರ ಸಣ್ಣ ಸೂಜಿಗಿಂತ 28 ಗೇಜಿನದು ಒಳ್ಳೆಯದು. ಸ್ಟ್ರಿಪ್ಪನ್ನು ಮೊದಲೇ ಮೀಟರಿಗೆ ಸಿಕ್ಕಿಸಿಟ್ಟಿರಬೇಕು. ಹನಿ ಬಂದಮೇಲೆ ಡಬ್ಬಿ ಹುಡುಕುತ್ತ ಹೋದರೆ ಬೆಕ್ಕು ತಲೆ ಕೊಡವಿ ಗೋಡೆಗೆಲ್ಲ ಚಿಮ್ಮಿಸುತ್ತದೆ. ಕೊನೆಗೆ ಅರ್ಧ ನಿಮಿಷವಾದರೂ ಒತ್ತಿ ಹಿಡಿಯಿರಿ, ಕಂದುವುದಿಲ್ಲ. ಇವತ್ತು ಎಡ ಕಿವಿಯಾದರೆ ನಾಳೆ ಬಲ.

5. ಕೊಳ್ಳುವಾಗ ಕೇಳಬೇಕಾದ್ದು: ಎಷ್ಟು ರಕ್ತ ಬೇಕು?

ಅರ್ಧ ಮೈಕ್ರೋಲೀಟರ್ ಸುಮಾರಿಗೆ ಸಾಕೆನ್ನುವ ಸ್ಟ್ರಿಪ್ ಆರಿಸಿ. ಹನಿ ಮುಟ್ಟಿದ ಕೂಡಲೇ ತಾನೇ ಹೀರಿಕೊಳ್ಳುವಂಥದ್ದು ಇರಲಿ.

6. ಅಜ್ಜನ ಮೀಟರ್ ಆಗುತ್ತದೆ, ಅಜ್ಜನ ಲೆಕ್ಕ ಆಗುವುದಿಲ್ಲ

ಮನುಷ್ಯರ ರಕ್ತದಲ್ಲಿ ಸಕ್ಕರೆ ಪ್ಲಾಸ್ಮಾದಲ್ಲೂ ಕೆಂಪು ಕಣಗಳಲ್ಲೂ ಹಂಚಿಕೊಂಡಿರುತ್ತದೆ. ಬೆಕ್ಕಿನಲ್ಲಿ ಬಹುಪಾಲು ಪ್ಲಾಸ್ಮಾದಲ್ಲೇ. ಮನುಷ್ಯರ ಲೆಕ್ಕಕ್ಕೆ ಹೊಂದಿಸಿದ ಮೀಟರ್ ಹೀಗಾಗಿ ಬೆಕ್ಕಿನ ರಕ್ತಕ್ಕೆ ಸಾಮಾನ್ಯವಾಗಿ ನಿಜಕ್ಕಿಂತ ಕಡಿಮೆ ಅಂಕಿ ತೋರಿಸುತ್ತದೆ. ಪ್ರಾಣಿಗಳಿಗೆಂದೇ ಮಾಡಿದ ಮೀಟರ್‌ಗಳಿವೆ, ನಮ್ಮ ಕಡೆಯ ಮೆಡಿಕಲ್ ಶಾಪುಗಳಲ್ಲಿ ನಾನು ಕಂಡಿಲ್ಲ, ತರಿಸಬೇಕು. ಮನೆಯದೇ ಸಾಕು ಎನ್ನುವವರು ಎರಡು ನಿಯಮ ಪಾಲಿಸಿ. ಕೊನೆತನಕ ಒಂದೇ ಮೀಟರ್ ಬಳಸಿ, ಪಕ್ಕದ ಮನೆಯದರ ಜೊತೆ ಹೋಲಿಸಬೇಡಿ. ಯಾವ ಮೀಟರ್ ಎಂದು ವೈದ್ಯರಿಗೆ ತಿಳಿಸಿ.

ಇನ್ನೊಂದು, ಬಿಸಿಲು. ಸ್ಟ್ರಿಪ್ ಡಬ್ಬಿಯ ಮೇಲೆ ಸಾಮಾನ್ಯವಾಗಿ 30 ಡಿಗ್ರಿ ಮೀರಬಾರದು ಎಂದು ಬರೆದಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ತಗಡಿನ ಮನೆಗಳ ಒಳಗೆ ಅದು ಬೆಳಿಗ್ಗೆಯೇ ದಾಟಿರುತ್ತದೆ. ಕಿಟಕಿಯ ಹತ್ತಿರ, ಟಿವಿಯ ಮೇಲೆ ಇಡಬೇಡಿ. ದಪ್ಪ ಗೋಡೆಯ ಗೂಡು ಇದ್ದರೆ ಅದೇ ತಂಪು. ಮುಚ್ಚಳ ತೆಗೆದ ಕೂಡಲೇ ಮುಚ್ಚಿ, ಗಾಳಿಯ ತೇವಕ್ಕೂ ಅದು ಕೆಡುತ್ತದೆ.

7. ಕೆಂಪು ಟೋಪಿ, ಕಿತ್ತಳೆ ಟೋಪಿ

ಪರೀಕ್ಷೆಯ ಮಾತಿನ ನಡುವೆ ಸಿರಿಂಜಿನ ಮಾತು ಏಕೆ ಎನ್ನಬೇಡಿ. ಅಂಕಿ ಇದ್ದಕ್ಕಿದ್ದಂತೆ ಕುಸಿದಾಗ ನಾನು ಮೊದಲು ಕೇಳುವುದು ಸಿರಿಂಜ್ ತಂದು ತೋರಿಸಿ ಎಂದು. ನಮ್ಮ ದೇಶದಲ್ಲಿ ಮನುಷ್ಯರ ಬಹಳಷ್ಟು ಇನ್ಸುಲಿನ್ ಬಾಟಲಿಗಳು ಮಿಲಿಲೀಟರಿಗೆ 40 ಯೂನಿಟ್‌ನವು, ಅವಕ್ಕೆ ಕೆಂಪು ಟೋಪಿಯ ಸಿರಿಂಜ್. ಬೆಕ್ಕುಗಳಿಗೆ ವೈದ್ಯರು ಹೆಚ್ಚಾಗಿ ಬರೆಯುವ ಗ್ಲಾರ್ಜಿನ್ 100 ಯೂನಿಟ್‌ನದು, ಅದಕ್ಕೆ ಕಿತ್ತಳೆ ಟೋಪಿ. ಅದನ್ನು ಕೆಂಪು ಟೋಪಿಯಲ್ಲಿ ಒಂದು ಗೆರೆ ಎಳೆದರೆ ಒಳಗೆ ಹೋಗುವುದು ಎರಡೂವರೆ ಪಟ್ಟು. ನಾಲ್ಕು ಕಿಲೋ ತೂಗುವ ಜೀವಕ್ಕೆ ಅದು ಪ್ರಾಣಾಪಾಯ. ಬಾಟಲಿಯ ಮೇಲಿನ ಅಂಕಿ, ಸಿರಿಂಜಿನ ಮೇಲಿನ ಅಂಕಿ ಎರಡೂ ಒಂದೇ ಇದೆಯೇ ಎಂದು ಪ್ರತಿ ಸಲ ಕೊಳ್ಳುವಾಗ ನೋಡಿ.

8. ಏರಿದ ಅಂಕಿಗಿಂತ ಇಳಿದ ಅಂಕಿಗೆ ಹೆದರಿ

400 ಕಂಡರೆ ಮನೆಯವರ ಎದೆ ಒಡೆಯುತ್ತದೆ, 60 ಕಂಡರೆ ‘ನಾರ್ಮಲ್ ಆಯ್ತು’ ಎಂದು ಸಮಾಧಾನ. ತಿರುಗಾಮುರುಗಾ ಆಗಬೇಕು. ಬೆಕ್ಕು ಚುರುಕಾಗಿ ತಿಂದುಂಡು ಓಡಾಡಿಕೊಂಡಿದ್ದರೆ ಒಂದು ದಿನದ 400ಕ್ಕೆ ನೋಟ್‌ಬುಕ್ಕಿನಲ್ಲಿ ಬರೆದು ವೈದ್ಯರಿಗೆ ತಿಳಿಸಿದರೆ ಸಾಕು. ಊಟ ಬಿಟ್ಟಿದ್ದರೆ, ವಾಂತಿ ಮಾಡುತ್ತಿದ್ದರೆ ಮಾತ್ರ ಅಂದೇ ಹೊರಡಬೇಕು. ಇನ್ಸುಲಿನ್ ಕೊಡುವ ಮುಂಚೆ ಅಂಕಿ ಕೆಳಗಿದ್ದರೆ ಕೊಡದೆ ಫೋನ್ ಮಾಡಿ. ಎಷ್ಟಕ್ಕಿಂತ ಕೆಳಗೆ ಎಂಬುದನ್ನು ಮೊದಲೇ ವೈದ್ಯರಿಂದ ಬರೆಸಿಕೊಂಡು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಮನೆಯ ಮೀಟರ್ ಕಡಿಮೆ ತೋರಿಸುತ್ತದಲ್ಲ ಎಂದು 60ನ್ನು ಮನಸ್ಸಿನಲ್ಲೇ 90 ಮಾಡಿಕೊಳ್ಳಬೇಡಿ.

ತೂರಾಡುವುದು, ಕರೆದರೆ ತಿರುಗದಿರುವುದು, ನಡುಕ, ಫಿಟ್ಸ್ — ಇವು ಸಕ್ಕರೆ ತೀರ ಇಳಿದ ಲಕ್ಷಣ. ಆಗ ಅಂಕಿ ನೋಡುತ್ತ ಕೂರಬಾರದು. ಎಚ್ಚರವಿದ್ದರೆ ಊಟ ಇಡಿ. ಇಲ್ಲದಿದ್ದರೆ ಜೇನುತುಪ್ಪವನ್ನೋ ಗ್ಲೂಕೋಸ್ ಪುಡಿಯ ಗಟ್ಟಿ ಪಾಕವನ್ನೋ ಬೆರಳಲ್ಲಿ ತೆಗೆದು ಒಸಡಿಗೆ ತಿಕ್ಕಿ. ಬಾಯಿಗೆ ನೀರು ಹೊಯ್ಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ತಿಕ್ಕುತ್ತಲೇ ವೈದ್ಯರ ಕಡೆ ಹೊರಡಿ.

9. ಒಂದು ಅಂಕಿಯ ಹಿಂದೆ ಓಡಬೇಡಿ

ಬೆಳಿಗ್ಗೆ ಹೆಚ್ಚಿತ್ತೆಂದು ಸಂಜೆ ಅರ್ಧ ಯೂನಿಟ್ ಜಾಸ್ತಿ, ಸಂಜೆ ಇಳಿದಿತ್ತೆಂದು ನಾಳೆ ಕಡಿಮೆ ಎಂದು ತಾವೇ ಏರಿಳಿಸುವವರ ಬೆಕ್ಕು ಎಂದೂ ಹದಕ್ಕೆ ಬಂದದ್ದು ನಾನು ಕಂಡಿಲ್ಲ. ವೈದ್ಯರಿಗೆ ಬೇಕಾದ್ದು ಎರಡು ಇಂಜೆಕ್ಷನ್ ನಡುವಿನ ಹನ್ನೆರಡು ತಾಸಿನ ಏರಿಳಿತ: ಎರಡೆರಡು ತಾಸಿಗೊಮ್ಮೆ ನೋಡಿ ಬರೆದ ಸಾಲು, ಅತಿ ಕೆಳಗೆ ಎಷ್ಟಕ್ಕೆ ಇಳಿಯಿತು, ಯಾವಾಗ ಇಳಿಯಿತು. ಭಾನುವಾರ ಇದಕ್ಕೆ ಒಳ್ಳೆಯ ದಿನ. ಅಷ್ಟು ಸಲ ಚುಚ್ಚಿಸಿಕೊಳ್ಳದ ಬೆಕ್ಕಿಗೆ, ಕೈಗೆ ಎಟುಕಿದರೆ, ಮೈಗೆ ಅಂಟಿಸುವ ಸೆನ್ಸರ್ ಇದೆ. ಮನುಷ್ಯರಿಗೆಂದು ಮಾಡಿದ್ದು, ಹೆಚ್ಚೆಂದರೆ ಎರಡು ವಾರದ ಆಸುಪಾಸು ಬರುತ್ತದೆ, ಕೂದಲು ಬೋಳಿಸಿ ಹಚ್ಚಬೇಕು. ಬೆಕ್ಕು ಕಿತ್ತುಹಾಕದಿದ್ದರೆ ಒಂದು ಸೆನ್ಸರ್ ಬಹಳ ಹೇಳುತ್ತದೆ.

ಏನೂ ನೋಡಲಾಗದ ದಿನಗಳೂ ಬರುತ್ತವೆ. ಆಗ ನೀರಿನ ಬಟ್ಟಲಿಗೆ ಅಳೆದು ಹಾಕಿ ಎಷ್ಟು ಉಳಿಯಿತು ನೋಡಿ, ಮರಳಿನ ಟ್ರೇಯಲ್ಲಿ ಒದ್ದೆ ಎಷ್ಟಗಲ ನೋಡಿ, ವಾರಕ್ಕೊಮ್ಮೆ ತೂಕ ಹಾಕಿ. ಸಕ್ಕರೆ ಸುಮಾರು 250–300 ದಾಟಿದಮೇಲೆ ಮೂತ್ರಕ್ಕೆ ಇಳಿಯುತ್ತದೆ, ಆದ್ದರಿಂದ ಮೂತ್ರದ ಸ್ಟ್ರಿಪ್ ಏರಿದ್ದನ್ನು ಹೇಳೀತು, ಇಳಿದದ್ದನ್ನು ಹೇಳಲಾರದು.

10. ಓಣಿಗೆಲ್ಲ ಹೇಳಿ

ನಮ್ಮ ಬೆಕ್ಕುಗಳು ಒಂದೇ ಮನೆಯ ಊಟಕ್ಕೆ ಕಟ್ಟುಬಿದ್ದವಲ್ಲ. ಒಂದು ಮನೆಯಲ್ಲಿ ಹಾಲನ್ನ, ಇನ್ನೊಂದರಲ್ಲಿ ರೊಟ್ಟಿ ಮುರಿದು ಹಾಲಲ್ಲಿ ನೆನೆಸಿದ್ದು. ಬೆಕ್ಕು ಮಾಂಸಾಹಾರಿ, ಅದರ ಯಕೃತ್ತಿಗೆ ಇಷ್ಟು ಪಿಷ್ಟ ಸಂಭಾಳಿಸುವ ಶಕ್ತಿ ಕಡಿಮೆ. ಪಕ್ಕದ ಮನೆಯ ಅಜ್ಜಿ, “ಅಯ್ಯ, ಬೆಕ್ಕಿಗೂ ಸುಗರ್ ಬರ್ತೈತೇನವಾ?” ಎಂದು ಕೇಳಿದಾಗ ನಾನು ಅವರ ಮುಂದೆಯೇ ಕೆಂಚನ ಕಿವಿ ಚುಚ್ಚಿ ಮೀಟರ್ ತೋರಿಸಿದೆ. ತಾವೂ ದಿನಾ ಬೆರಳು ಚುಚ್ಚಿಕೊಳ್ಳುವವರು. ಅಂದಿನಿಂದ ಅವರು ಹಾಲನ್ನ ನಿಲ್ಲಿಸಿದ್ದಷ್ಟೇ ಅಲ್ಲ, ಮಿಕ್ಕ ಮನೆಗಳಿಗೂ ತಾವೇ ಹೇಳಿ ಬಂದರು. ಇನ್ಸುಲಿನ್ ಪಡೆಯುವಾಗ ಊಟ ಬದಲಿಸಿದರೆ ಅಂಕಿ ಬೇಗ ಇಳಿಯಬಹುದು, ಆ ದಿನಗಳಲ್ಲಿ ಪರೀಕ್ಷೆ ಹೆಚ್ಚಿಸಿ, ವೈದ್ಯರನ್ನು ಕೇಳಿಯೇ ಬದಲಿಸಿ.

11. ಇನ್ಸುಲಿನ್ ನಿಂತರೂ ಮೀಟರ್ ಎತ್ತಿಡಬೇಡಿ

ಕಾಯಿಲೆ ಬೇಗ ಗೊತ್ತಾಗಿ, ಊಟ ಸರಿಹೋಗಿ, ಇನ್ಸುಲಿನ್ ಹದವಾಗಿ ಸಿಕ್ಕರೆ ಹಲವು ಬೆಕ್ಕುಗಳಿಗೆ ಕೆಲವು ತಿಂಗಳಲ್ಲಿ ಇಂಜೆಕ್ಷನ್ ಬೇಕಿಲ್ಲದ ಸ್ಥಿತಿ ಬರುತ್ತದೆ. ಆ ಹೊತ್ತು ಬಂದದ್ದನ್ನು ಮೊದಲು ಹೇಳುವುದು ಮನೆಯ ಅಂಕಿಯೇ. ಅದನ್ನು ನೋಡದಿದ್ದರೆ ಬೇಡದ ಇನ್ಸುಲಿನ್ ಕೊಡುತ್ತ ಹೋಗಿ ಸಕ್ಕರೆ ಕುಸಿಯುತ್ತದೆ. ಕೆಂಚನ ಪ್ರಮಾಣ ಈಗ ಇಳಿದಿದೆ, ಪೂರ್ತಿ ನಿಂತಿಲ್ಲ. ಕಂಪ್ಲಿಯ ಒಂದು ಹೆಣ್ಣು ಬೆಕ್ಕಿಗೆ ನಿಂತಿದೆ. ಅದರ ಮನೆಯವರಿಗೆ ವಾರಕ್ಕೊಮ್ಮೆ ಕಿವಿ ನೋಡಿ ಎಂದಿದ್ದೇನೆ. ಕಾಯಿಲೆ ಮರಳಬಹುದು, ಮರಳಿದರೆ ಇರುವೆ ಬರುವ ಮುಂಚೆಯೇ ಗೊತ್ತಾಗಬೇಕು.