‘ಡೂಮ್’ ಕ್ರೀಡೆಯ ಅಭಿಮಾನಿನಿರ್ಮಿತ ಹಂತಸಂಪುಟಗಳು : ಒಂದು ಪರಿಶೀಲನೆ

ಕೃತಿಯೊಂದು ಕರ್ತೃವಿನ ಕೈಬಿಟ್ಟ ಮೇಲೆ ಅದರ ಆಯುಸ್ಸು ಯಾರ ಅಧೀನ? ಪ್ರಾಚೀನ ಗ್ರಂಥಗಳ ವಿಷಯದಲ್ಲಿ ವಿದ್ವಾಂಸರು ಈ ಪ್ರಶ್ನೆಯನ್ನು ಬಹುಕಾಲದಿಂದ ವಿಚಾರಿಸುತ್ತ ಬಂದಿದ್ದಾರೆ. ಪ್ರತಿಕಾರರು, ಟೀಕಾಕಾರರು, ಸಂಕಲನಕಾರರು ಇಲ್ಲದಿದ್ದರೆ ಎಷ್ಟೋ ಕೃತಿಗಳು ಇಂದು ಹೆಸರಿಗೂ ಉಳಿಯುತ್ತಿರಲಿಲ್ಲ. ಇದೇ ಪ್ರಶ್ನೆ ಗಣಕಯಂತ್ರದ ಆಟವೊಂದರ ವಿಷಯದಲ್ಲಿಯೂ ಏಳುವುದೆಂದರೆ ಕೆಲವರಿಗೆ ಸೋಜಿಗವೆನಿಸಬಹುದು. ಆದರೆ ಅಮೆರಿಕದ ಟೆಕ್ಸಾಸ್ ಪ್ರಾಂತ್ಯದಲ್ಲಿ ಹುಟ್ಟಿದ ‘ಡೂಮ್’ ಎಂಬ ಆಟವು ಮೂವತ್ತು ವರ್ಷಗಳನ್ನು ಮೀರಿ ಜೀವಂತವಾಗಿರುವುದಕ್ಕೆ ಅದನ್ನು ಮೊದಲು ರಚಿಸಿದವರು ಎಷ್ಟು ಕಾರಣರೋ, ಅದಕ್ಕೆ ಹೊಸ ಹಂತಗಳನ್ನು ಕಟ್ಟಿ ಹಂಚಿದ ಅಭಿಮಾನಿಗಳೂ ಅಷ್ಟೇ ಕಾರಣರು. ಅವರ ಈ ಶ್ರಮದ ಸ್ವರೂಪವನ್ನೂ ಅದರಿಂದ ಅಧ್ಯಾಪಕರಾದವರು ಗ್ರಹಿಸಬಹುದಾದ ತತ್ತ್ವವನ್ನೂ ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

೧. ಆಟದ ಸ್ವರೂಪ

ಇಡ್ ಸಾಫ್ಟ್‌ವೇರ್ ಎಂಬ ಸಣ್ಣ ಸಂಸ್ಥೆಯು 1993ರ ಡಿಸೆಂಬರ್ 10ರಂದು ಡೂಮ್ ಆಟವನ್ನು ಹೊರತಂದಿತು. ಏಕಾಕಿಯಾದ ಯೋಧನೊಬ್ಬನು ಮಂಗಳಗ್ರಹದ ಉಪಗ್ರಹಗಳಲ್ಲಿಯೂ ನರಕದಲ್ಲಿಯೂ ಪಿಶಾಚಗಳೊಡನೆ ಹೋರಾಡುವುದು ಇದರ ವಸ್ತು. ವ್ಯಾಕರಣದ ಪರಿಭಾಷೆಯಲ್ಲಿ ಹೇಳುವುದಾದರೆ ಇದು ಉತ್ತಮಪುರುಷದ ಆಟ. ಆಟಗಾರನು ಪಾತ್ರವನ್ನು ಹೊರಗೆ ನಿಂತು ನೋಡುವುದಿಲ್ಲ. ಪಾತ್ರದ ಕಣ್ಣಿನಿಂದಲೇ ಜಗತ್ತನ್ನು ನೋಡುತ್ತಾನೆ. ಮೂರು ಕಾಂಡಗಳಲ್ಲಿ ಒಟ್ಟು 27 ಹಂತಗಳಿದ್ದವು. ಮೊದಲ ಕಾಂಡದ ಒಂಬತ್ತು ಹಂತಗಳನ್ನು ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದಾಗಿತ್ತು. ಉಳಿದವಕ್ಕೆ ಹಣ ತೆರಬೇಕಾಗಿತ್ತು.

ಇದಕ್ಕೆ ಹಿಂದಿನ ವರ್ಷ, ಎಂದರೆ 1992ರಲ್ಲಿ, ಅದೇ ಸಂಸ್ಥೆ ರಚಿಸಿದ ‘ವುಲ್ಫೆನ್‌ಸ್ಟೈನ್ 3ಡಿ’ ಆಟವನ್ನು ಕೆಲವು ಆಟಗಾರರು ಬಿಚ್ಚಿ, ತಮಗೆ ತೋರಿದಂತೆ ಮಾರ್ಪಡಿಸಿಕೊಂಡಿದ್ದರು. ಬೇರೊಬ್ಬರಾಗಿದ್ದರೆ ಇದನ್ನು ಅಪರಾಧವೆಂದು ಎಣಿಸಿ ಬೀಗವನ್ನು ಬಿಗಿಗೊಳಿಸುತ್ತಿದ್ದರೋ ಏನೋ. ಡೂಮ್ ಆಟದ ಯಂತ್ರಭಾಗವನ್ನು ರೂಪಿಸಿದ ಜಾನ್ ಕಾರ್ಮ್ಯಾಕ್ ಬಾಗಿಲನ್ನೇ ತೆರೆದಿಟ್ಟರು. ಆಟವನ್ನು ನಡೆಸುವ ಯಂತ್ರಭಾಗವನ್ನು ಒಂದು ಕಡತದಲ್ಲಿಯೂ, ಹಂತಗಳು, ಚಿತ್ರಗಳು, ಧ್ವನಿಗಳು ಇವೆಲ್ಲವನ್ನೂ ‘ವಾಡ್’ ಎಂಬ ಪ್ರತ್ಯೇಕ ಕಡತದಲ್ಲಿಯೂ ಇರಿಸಿದರು. ಅಭಿಮಾನಿಯು ತನ್ನ ಹಂತಗಳನ್ನು ಬೇರೊಂದು ವಾಡ್ ಕಡತದಲ್ಲಿ ಬರೆದರೆ, ಯಂತ್ರವು ಮೂಲವನ್ನು ಕೆಡಿಸದೆ ಅದನ್ನು ಮೇಲೆ ಹೊದಿಸಿಕೊಂಡು ನಡೆಯುತ್ತದೆ. ಮೂಲಪಾಠದಲ್ಲಿ ಒಂದಕ್ಷರವೂ ಪಲ್ಲಟವಾಗದಂತೆ ಪ್ರಕ್ಷೇಪಕ್ಕೆ ಪ್ರತ್ಯೇಕ ಗರಿಯನ್ನು ಒದಗಿಸಿದ ವ್ಯವಸ್ಥೆ ಇದು ಎನ್ನಬಹುದು.

೨. ರಚನೆಯ ವಿಧಾನ

ಹಂತವನ್ನು ರಚಿಸುವ ಉಪಕರಣವನ್ನು ಸಂಸ್ಥೆಯು ಆಟದೊಡನೆ ಕೊಡಲಿಲ್ಲ. ಅದನ್ನೂ ಅಭಿಮಾನಿಗಳೇ ಸಿದ್ಧಪಡಿಸಿದರು. ‘ಡೂಮ್ ಎಡಿಟಿಂಗ್ ಯುಟಿಲಿಟಿ’ ಎಂಬ ಉಪಕರಣವು 1994ರ ಆರಂಭದಲ್ಲಿಯೇ ಬಳಕೆಗೆ ಬಂದಿತು. ರಚನಕಾರನು ಮೊದಲು ಮನೆಯ ನಕ್ಷೆ ಬರೆಯುವಂತೆ ಬಿಂದುಗಳನ್ನಿಟ್ಟು ರೇಖೆಗಳಿಂದ ಜೋಡಿಸುತ್ತಾನೆ. ರೇಖೆಗಳಿಂದ ಆವೃತವಾದ ಪ್ರತಿಯೊಂದು ಖಂಡಕ್ಕೂ ನೆಲದ ಎತ್ತರ, ಸೂರಿನ ಎತ್ತರ, ಬೆಳಕಿನ ಪ್ರಮಾಣ ಇವನ್ನು ಗೊತ್ತುಪಡಿಸುತ್ತಾನೆ. ಅನಂತರ ಶತ್ರುಗಳು, ಆಯುಧಗಳು, ಔಷಧಗಳು, ಬೀಗದ ಕೈಗಳು ಇವುಗಳ ಸ್ಥಾನವನ್ನು ನಿರ್ಣಯಿಸುತ್ತಾನೆ.

ಈ ಪದ್ಧತಿಗೆ ಕಟ್ಟುಪಾಡುಗಳು ಹಲವು. ನಕ್ಷೆಯು ವಾಸ್ತವವಾಗಿ ಸಮತಲವಾದುದರಿಂದ ಒಂದು ಕೋಣೆಯ ಮೇಲೆ ಮತ್ತೊಂದು ಕೋಣೆಯನ್ನು ನಿಲ್ಲಿಸಲು ಬರುವುದಿಲ್ಲ. ಒಮ್ಮೆಗೆ ದೃಷ್ಟಿಗೆ ಬೀಳುವ ನೆಲ ಸೂರುಗಳ ಮೇಲ್ಮೈಗಳು ಮಿತಿ ಮೀರಿದರೆ ಮೂಲಯಂತ್ರದಲ್ಲಿ ಆಟವೇ ನಿಂತುಹೋಗುತ್ತಿತ್ತು. ಆದರೂ ಕಂದಪದ್ಯದ ಕವಿಗೆ ಮಾತ್ರಾಗಣಗಳ ನಿಯಮವು ಹೇಗೆ ಬಂಧನವೂ ಆಧಾರವೂ ಆಗುವುದೋ, ಹಾಗೆಯೇ ಈ ಮಿತಿಗಳು ರಚನಕಾರರಿಗೆ ಆದವು. ಕೇವಲ ಹತ್ತು ಖಂಡಗಳಲ್ಲಿಯೇ ಪೂರ್ಣ ಹಂತವನ್ನು ಕಟ್ಟಬೇಕೆಂಬ ಪಂದ್ಯವನ್ನು ಅವರು ತಾವಾಗಿಯೇ ಏರ್ಪಡಿಸಿಕೊಂಡದ್ದುಂಟು.

೩. ಪ್ರಮುಖ ಸಂಪುಟಗಳು

1994ರಲ್ಲಿ ಬಂದ ‘ಡೂಮ್ 2’ ಆಟದಲ್ಲಿ 32 ಹಂತಗಳಿದ್ದವು. ಅಂದಿನಿಂದ 32 ಹಂತಗಳ ಸಂಪುಟವು ಅಭಿಮಾನಿಗಳಿಗೆ ಒಂದು ಮಹಾಕಾವ್ಯದ ಪ್ರಮಾಣವಾಯಿತು. ಅನೇಕರು ಕೂಡಿ ರಚಿಸಿದ ‘ಮೆಮೆಂಟೊ ಮೋರಿ’ 1995ರಲ್ಲಿ ಹೊರಬಂದಿತು. ‘ಹೆಲ್ ರಿವೀಲ್ಡ್’ 1997ರಲ್ಲಿ ಬಂದು ಶತ್ರುಬಾಹುಳ್ಯದಿಂದಲೂ ಕಾಠಿಣ್ಯದಿಂದಲೂ ಹೆಸರಾಯಿತು. 2003ರ ‘ಸೈದ್’ ಏಕಕರ್ತೃಕವಾದ 32 ಹಂತಗಳ ಸಂಪುಟ. ಅದರ ಹಂತಗಳಲ್ಲಿ ಹಲವು ಕಿರಿದಾಗಿದ್ದು, ಮಿತವ್ಯಯದಿಂದಲೇ ಪರಿಣಾಮವನ್ನು ಸಾಧಿಸುತ್ತವೆ.

ಎರಡು ಸಂಪುಟಗಳ ಚರಿತ್ರೆ ವಿಶೇಷವಾಗಿ ಗಮನಾರ್ಹ. ‘ಟಿಎನ್‌ಟಿ : ಎವಿಲ್ಯೂಷನ್’ ಎಂಬುದು ಅಭಿಮಾನಿಗಳ ತಂಡವೊಂದು ಉಚಿತವಾಗಿ ಹಂಚಲೆಂದು ಸಿದ್ಧಪಡಿಸಿದ ಕೃತಿ. ಬಿಡುಗಡೆಯ ಹೊತ್ತಿಗೆ ಸರಿಯಾಗಿ ಇಡ್ ಸಂಸ್ಥೆಯು ಅದನ್ನು ಕೊಂಡುಕೊಂಡಿತು. ಡಾರಿಯೋ ಮತ್ತು ಮೈಲೋ ಕಸಾಲಿ ಎಂಬ ಸೋದರರು ರಚಿಸಿದ ‘ಪ್ಲುಟೋನಿಯಾ ಎಕ್ಸ್‌ಪೆರಿಮೆಂಟ್’ ಸಂಪುಟವೂ ಅದರೊಡನೆ ಸೇರಿ 1996ರಲ್ಲಿ ‘ಫೈನಲ್ ಡೂಮ್’ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂದಿತು. ಹವ್ಯಾಸಿಗಳ ಕೌಶಲಕ್ಕೆ ದೊರೆತ ಮನ್ನಣೆ ಇದೆಂದು ಕೆಲವರು ಸಂತೋಷಪಟ್ಟರೆ, ಕಾಣಿಕೆಯಾಗಿ ಬರಬೇಕಾದುದು ಸರಕಾಗಿ ಬಂದಿತಲ್ಲಾ ಎಂದು ಕಾದು ಕುಳಿತಿದ್ದ ಹಲವರು ನೊಂದುಕೊಂಡರು. ಎರಡೂ ಮಾತುಗಳಲ್ಲಿ ಸತ್ಯವಿದೆ. ಕಟ್ಟಿದವರಿಗೆ ಪ್ರತಿಫಲ ಸಲ್ಲುವುದು ನ್ಯಾಯ. ಕೊಡುತ್ತೇವೆಂದು ಆಡಿದ ಮಾತಿನ ಮೇಲೆ ಜನರು ಇರಿಸಿಕೊಂಡ ನಂಬಿಕೆಗೂ ಬೆಲೆಯುಂಟು.

೪. ಹೆಸರು ಮತ್ತು ಅನುಮತಿ

ನಮ್ಮ ಓಲೆಗರಿಗಳ ಕೊನೆಯಲ್ಲಿ ಪ್ರತಿಕಾರನು ತನ್ನ ಹೆಸರು, ಕಾಲ, ಯಾರಿಗಾಗಿ ಬರೆದನೆಂಬ ವಿವರ ಇವನ್ನು ನಮೂದಿಸುವ ಸಂಪ್ರದಾಯವಿತ್ತು. ಡೂಮ್ ಸಂಪುಟಗಳೊಡನೆ ಬರುವ ಸಣ್ಣ ವಿವರಪತ್ರವು ಇದನ್ನು ನೆನಪಿಗೆ ತರುತ್ತದೆ. ಕರ್ತೃವಿನ ಹೆಸರು, ಬಳಸಿದ ಉಪಕರಣ, ಹಿಡಿದ ಕಾಲ, ನೆರವಾದವರ ಸ್ಮರಣೆ, ರಚನೆಯು ಸ್ವತಂತ್ರವೋ ಬೇರೊಂದನ್ನು ಆಧರಿಸಿದುದೋ ಎಂಬ ಒಪ್ಪಿಗೆ ಇವೆಲ್ಲ ಅದರಲ್ಲಿರುತ್ತವೆ. ಮುಖ್ಯವಾಗಿ, ಈ ಹಂತಗಳನ್ನು ಆಧಾರವಾಗಿಟ್ಟುಕೊಂಡು ಮತ್ತೊಬ್ಬರು ಹೊಸತನ್ನು ಕಟ್ಟಬಹುದೇ ಕೂಡದೇ ಎಂಬುದನ್ನು ಕರ್ತೃವು ಅಲ್ಲಿಯೇ ಸ್ಪಷ್ಟಪಡಿಸುತ್ತಾನೆ. ಹಣದ ವ್ಯವಹಾರವಿಲ್ಲದ ಕ್ಷೇತ್ರದಲ್ಲಿ ಹೆಸರೊಂದೇ ಸಂಭಾವನೆ. ಅದನ್ನು ಅಳಿಸುವುದು ಅಲ್ಲಿ ಕಳವಿಗೆ ಸಮಾನ. ಪರರ ಪ್ರಬಂಧವನ್ನು ನಕಲು ಮಾಡಿ ತನ್ನದೆನ್ನುವ ವಿದ್ಯಾರ್ಥಿಗೆ ಬೋಧಿಸಬೇಕಾದ ಪಾಠವೂ ಇದೇ ಅಲ್ಲವೇ?

೫. ಒಂದು ಆಕ್ಷೇಪ

ಹಿಂಸೆಯೇ ವಸ್ತುವಾಗಿರುವ ಆಟದಲ್ಲಿ ಗುಣವನ್ನು ಹುಡುಕುವುದು ಉಚಿತವೇ ಎಂಬ ಆಕ್ಷೇಪವು ಸಹಜವಾದುದು. ಅದನ್ನು ಲಘುವಾಗಿ ಕಾಣಲಾಗದು. 1999ರ ಏಪ್ರಿಲ್ 20ರಂದು ಅಮೆರಿಕದ ಕೊಲರಾಡೋ ಪ್ರಾಂತ್ಯದ ಕೊಲಂಬೈನ್ ಪ್ರೌಢಶಾಲೆಯಲ್ಲಿ ಇಬ್ಬರು ವಿದ್ಯಾರ್ಥಿಗಳು ಸಹಪಾಠಿಗಳನ್ನೂ ಓರ್ವ ಅಧ್ಯಾಪಕರನ್ನೂ ಗುಂಡಿಟ್ಟು ಕೊಂದರು. ಆ ಇಬ್ಬರಲ್ಲಿ ಒಬ್ಬನು ಡೂಮ್ ಹಂತಗಳನ್ನು ರಚಿಸಿ ಹಂಚಿದವನಾಗಿದ್ದನು. ಆಟಗಳ ನಿರ್ಮಾಪಕರ ಮೇಲೆ ಹೂಡಿದ ದಾವೆಯನ್ನು ನ್ಯಾಯಾಲಯವು 2002ರಲ್ಲಿ ವಜಾ ಮಾಡಿತು. ಅದೇ ಉಪಕರಣವನ್ನು ಹಿಡಿದ ಅಸಂಖ್ಯ ತರುಣರು ಯಾರಿಗೂ ಕೇಡೆಣಿಸಲಿಲ್ಲ. ಡಾರಿಯೋ ಕಸಾಲಿ ಅವರಂಥ ಕೆಲವರಿಗೆ ಅದು ಜೀವನೋಪಾಯಕ್ಕೂ ದಾರಿಯಾಯಿತು. ಅವರು ಮುಂದೆ ವಾಲ್ವ್ ಸಂಸ್ಥೆಯಲ್ಲಿ ಹಂತರಚನಕಾರರಾದರು. ಆದುದರಿಂದ ಉಪಕರಣವನ್ನು ಹೊಗಳುವುದರಿಂದಾಗಲಿ ತೆಗಳುವುದರಿಂದಾಗಲಿ ಅಧ್ಯಾಪಕನ ಹೊಣೆ ತೀರದು. ಹುಡುಗನು ಏನನ್ನು ಕಟ್ಟುತ್ತಿದ್ದಾನೆ ಎಂಬುದರಷ್ಟೇ, ಅವನ ಮನಸ್ಸು ಯಾವ ಸ್ಥಿತಿಯಲ್ಲಿದೆ ಎಂಬುದನ್ನೂ ಹತ್ತಿರ ಕುಳಿತು ತಿಳಿಯಬೇಕು. ಆಟವನ್ನು ನಿಷೇಧಿಸುವುದು ಸುಲಭ; ಹುಡುಗನನ್ನು ಅರಿಯುವುದು ಕಷ್ಟ.

೬. ಉಪಸಂಹಾರ

ಇಡ್ ಸಂಸ್ಥೆಯು 1997ರ ಡಿಸೆಂಬರಿನಲ್ಲಿ ಸೋರ್ಸ್ ಕೋಡ್ ಎನ್ನುವ ಮೂಲಸಂಕೇತವನ್ನೂ ಪ್ರಕಟಿಸಿತು. ಅಭಿಮಾನಿಗಳು ಅದನ್ನು ತಿದ್ದಿ, ಹಳೆಯ ಮಿತಿಗಳನ್ನು ಸಡಿಲಿಸಿ, ಹೊಸ ಗಣಕಯಂತ್ರಗಳಲ್ಲಿಯೂ ಆಟವು ನಡೆಯುವಂತೆ ಮಾಡಿದರು. 2004ರಿಂದ ‘ಕ್ಯಾಕೊವಾರ್ಡ್ಸ್’ ಎಂಬ ವಾರ್ಷಿಕ ಮನ್ನಣೆಯ ಮೂಲಕ ಉತ್ತಮ ಸಂಪುಟಗಳನ್ನು ಗುರುತಿಸುತ್ತ ಬಂದಿದ್ದಾರೆ. ಆಟದ ಮೂಲ ರಚನಕಾರರಲ್ಲೊಬ್ಬರಾದ ಜಾನ್ ರೊಮೆರೊ 2019ರಲ್ಲಿ ‘ಸಿಜಿಲ್’ ಎಂಬ ಒಂಬತ್ತು ಹಂತಗಳ ಹೊಸ ಕಾಂಡವನ್ನು ಉಚಿತವಾಗಿ ನೀಡಿದರು. ಆಟಕ್ಕೆ ಮೂವತ್ತು ತುಂಬಿದ 2023ರ ಡಿಸೆಂಬರ್ 10ರಂದು ಅದರ ಎರಡನೆಯ ಭಾಗವನ್ನು ಹೊರತಂದರು. ಗುರುವು ಶಿಷ್ಯರ ಸಾಲಿನಲ್ಲಿ ಬಂದು ಕುಳಿತು ಅವರಂತೆಯೇ ದುಡಿದ ಪ್ರಸಂಗವಿದು.

ದುಡಿಮೆಯ ಫಲವನ್ನು ಸಮುದಾಯಕ್ಕೆ ಒಪ್ಪಿಸುವುದನ್ನು ಶರಣರು ದಾಸೋಹವೆಂದು ಕರೆದರು. ಡೂಮ್ ಅಭಿಮಾನಿಗಳು ಆ ಶಬ್ದವನ್ನು ಕೇಳಿದವರಲ್ಲ. ಅವರ ಹವ್ಯಾಸದಲ್ಲಿ ಭಕ್ತಿಯನ್ನು ಆರೋಪಿಸುವುದೂ ಸಲ್ಲದು. ಆದರೆ ಒಂದು ಮಾತನ್ನು ಅವರ ಚರಿತ್ರೆಯು ದೃಢಪಡಿಸುತ್ತದೆ. ಕಟ್ಟಿದವನು ಬಾಗಿಲನ್ನು ತೆರೆದಿಟ್ಟರೆ, ಒಳಬಂದವರು ಹಿಂದಿನವರ ಹೆಸರನ್ನು ಅಳಿಸದೆ ತಮ್ಮ ಪಾಲಿನ ಕಲ್ಲನ್ನು ಸೇರಿಸಿದರೆ, ಕಟ್ಟಡವು ಬೆಳೆಯುತ್ತಲೇ ಹೋಗುತ್ತದೆ. ಆಟಕ್ಕೆ ಸಲ್ಲುವ ಈ ಮಾತು ಶಾಲೆಗೂ ಸಲ್ಲುತ್ತದೆ.