ಮುತ್ತತ್ತಿಯ ಬೂದು ಅಳಿಲು

ಅಳಿಲನ್ನು ಕಾಣದವರು ನಮ್ಮ ನಾಡಿನಲ್ಲಿ ಯಾರೂ ಇರಲಾರರು. ಸೇತುವೆ ಕಟ್ಟುವಾಗ ಮರಳು ಹೊತ್ತು, ಶ್ರೀರಾಮನಿಂದ ಬೆನ್ನು ಸವರಿಸಿಕೊಂಡ ಅಳಿಲಿನ ಕಥೆಯನ್ನು ಕೇಳಿಯೇ ನಾವೆಲ್ಲ ಬೆಳೆದವರು. ನಮ್ಮೂರು ಬೆಳಕವಾಡಿಯ ತೆಂಗಿನ ಮರಗಳಲ್ಲಿ ಓಡಾಡುವುದು ಆ ಮೂರು ಪಟ್ಟೆಯ ಅಳಿಲೇ. ಆದರೆ ನಮ್ಮ ಮಳವಳ್ಳಿ ತಾಲ್ಲೂಕಿನಲ್ಲಿಯೇ ಅದಕ್ಕಿಂತ ಬಹು ದೊಡ್ಡದಾದ ಇನ್ನೊಂದು ಅಳಿಲು ವಾಸಿಸುತ್ತದೆಂಬ ಸಂಗತಿ ಕಳೆದ ವರ್ಷದವರೆಗೂ ನನಗೆ ತಿಳಿದಿರಲಿಲ್ಲ.

ಹರಕೆ ತೀರಿಸಲೆಂದು ಮನೆಯವರೆಲ್ಲ ಮುತ್ತತ್ತಿರಾಯನ ಸನ್ನಿಧಿಗೆ ಹೋಗಿದ್ದೆವು. ಪೂಜೆ ಮುಗಿಸಿ, ಕಾವೇರಿಯ ದಡದಲ್ಲಿ ಹೊಳೆಮತ್ತಿ ಮರದ ನೆರಳಿಗೆ ಊಟಕ್ಕೆ ಕುಳಿತಾಗ, ಮೇಲಿನಿಂದ ತೊಗಟೆಯ ಚೂರುಗಳು ಉದುರತೊಡಗಿದವು. ಕೋತಿಯಿರಬೇಕೆಂದು ನಾನು ಸುಮ್ಮನಿದ್ದೆ. ಅಪ್ಪ ಮಾತ್ರ, “ಕೋತಿ ಅಲ್ಲ ಕಣ್ಲಾ ಮಗ, ತಲೆ ಎತ್ತಿ ನೋಡು” ಎಂದರು. ಬೆಕ್ಕಿನಷ್ಟು ಗಾತ್ರದ ಬೂದು ಬಣ್ಣದ ಪ್ರಾಣಿಯೊಂದು ಕೊಂಬೆಗೆ ಅಡ್ಡಲಾಗಿ ಕುಳಿತು, ಉದ್ದವಾದ ಬಾಲವನ್ನು ಕೆಳಗೆ ಇಳಿಬಿಟ್ಟುಕೊಂಡು, ಮುಂಗಾಲುಗಳಲ್ಲಿ ಏನನ್ನೋ ಹಿಡಿದು ತಿನ್ನುತ್ತಿತ್ತು. ನಮ್ಮ ಸದ್ದಿಗೆ ಬೆದರಿ ಕೊಂಬೆಗೆ ಒತ್ತಿಕೊಂಡು ಮಲಗಿಬಿಟ್ಟಿತು. ಆಮೇಲೆ ಎಷ್ಟು ಹುಡುಕಿದರೂ ಕಾಣಿಸಲಿಲ್ಲ.

ನಾನು ಇತಿಹಾಸದ ವಿದ್ಯಾರ್ಥಿ. ಪ್ರಾಣಿಶಾಸ್ತ್ರ ನನ್ನ ಪಠ್ಯವಿಷಯವಲ್ಲ. ಕುತೂಹಲದಿಂದ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಹೇಳುತ್ತಿದ್ದೇನೆ. ಇದರ ಶಾಸ್ತ್ರೀಯ ನಾಮ ರಟುಫಾ ಮ್ಯಾಕ್ರೂರಾ. 1769ರಲ್ಲಿ ಪೆನ್ನಂಟ್ ಎಂಬ ವಿದ್ವಾಂಸನು ಇದನ್ನು ಮೊದಲು ವರ್ಣಿಸಿದನು. ದಕ್ಷಿಣ ಭಾರತ ಮತ್ತು ಶ್ರೀಲಂಕಾಗಳನ್ನು ಬಿಟ್ಟರೆ ಜಗತ್ತಿನ ಬೇರೆಲ್ಲಿಯೂ ಇದು ಇಲ್ಲ. ತಮಿಳುನಾಡಿನ ಶ್ರೀವಿಲ್ಲಿಪುತ್ತೂರು, ಕೇರಳದ ಚಿನ್ನಾರ್, ನಮ್ಮ ಕಾವೇರಿಯ ತೀರ ಇವು ಇದರ ಮುಖ್ಯ ನೆಲೆಗಳು. ರೋಮದಲ್ಲಿ ಬಿಳಿಯ ಎಳೆಗಳು ಬೆರೆತಿರುವುದರಿಂದ ನರೆ ಬಂದಂತೆ ಕಾಣುತ್ತದೆ.

ಅಳಿಲಿನ ಕುಲದಲ್ಲಿ ಎಲ್ಲವೂ ಮರವಾಸಿಗಳಲ್ಲ. ಲಡಾಖಿನ ಎತ್ತರದ ಬೆಟ್ಟಗಳಲ್ಲಿರುವ ಮಾರ್ಮಟ್ ಎಂಬುದೂ ಇದೇ ಕುಲದ್ದು. ಅದು ನೆಲದಲ್ಲಿ ಬಿಲ ತೋಡಿ, ಚಳಿಗಾಲವನ್ನೆಲ್ಲ ಅಲ್ಲಿಯೇ ನಿದ್ರಿಸಿ ಕಳೆಯುತ್ತದೆ. ನಮ್ಮ ಬೂದು ಅಳಿಲಾದರೋ ನೆಲಕ್ಕೆ ಇಳಿಯುವುದೇ ಅಪರೂಪ. ಹಗಲೆಲ್ಲ ಹಣ್ಣು, ಬೀಜ, ಚಿಗುರು, ತೊಗಟೆಗಳನ್ನು ತಿನ್ನುತ್ತದೆ. ಮಧ್ಯಾಹ್ನದ ಬಿಸಿಲಿಗೆ ವಿಶ್ರಮಿಸುತ್ತದೆ. ರಾತ್ರಿ ಎಲೆ ಕಡ್ಡಿಗಳಿಂದ ಹೆಣೆದ ಗೂಡಿನಲ್ಲಿ ಮಲಗುತ್ತದೆ. ಗೂಡಿಗೆ ಅದು ಆರಿಸಿಕೊಳ್ಳುವ ಸ್ಥಳ ಗಮನಿಸತಕ್ಕದ್ದು. ಸುತ್ತಲಿನ ಮರಗಳ ಕೊಂಬೆಗಳು ಒಂದಕ್ಕೊಂದು ತಾಗುವೆಡೆಯಲ್ಲಿಯೇ ಕಟ್ಟುತ್ತದೆ. ಹದ್ದು ಎರಗಿದರೆ ಪಕ್ಕದ ಮರಕ್ಕೆ ಹಾರಬೇಕಲ್ಲವೆ?

ಇದರ ಬಾಳಿನ ಗುಟ್ಟೆಲ್ಲ ಇಷ್ಟೇ: ಕೊಂಬೆಗೆ ಕೊಂಬೆ ಸೇರಿರಬೇಕು. ಹೊಳೆಯಂಚಿನ ಮರಸಾಲೇ ಇದರ ಹೆದ್ದಾರಿ. ನಡುವೆ ನಾಲ್ಕು ಮರ ಬಿದ್ದರೆ ದಾರಿ ಕಡಿಯಿತು. ಆಚೆಯ ಹಣ್ಣೂ ಇಲ್ಲ, ಆಚೆಯ ಸಂಗಾತಿಯೂ ಇಲ್ಲ. 1987ರಲ್ಲಿ ಕಾವೇರಿ ವನ್ಯಜೀವಿಧಾಮ ಸ್ಥಾಪಿತವಾಯಿತು; 1972ರ ಕಾಯಿದೆಯ ರಕ್ಷಣೆಯೂ ಇದಕ್ಕಿದೆ. ಆದರೆ ಕೊಡಲಿ ಹಿಡಿಯುವ ಕೈಗೆ ಕಾಯಿದೆಯ ಪುಸ್ತಕ ಕಾಣುವುದಿಲ್ಲ.

ಇದನ್ನು ಪರರನ್ನು ದೂರಲು ಬರೆಯುತ್ತಿಲ್ಲ. ನಮ್ಮ ಮನೆಯಲ್ಲಿಯೂ ಮೇಕೆಗಳಿವೆ. ಸೊಪ್ಪಿಗಾಗಿ ನಮ್ಮ ಹೊಲದ ಬದುವಿನ ಮರಗಳನ್ನೇರಿ ನಾನೂ ಕೊಂಬೆ ಸವರಿದವನೇ. ಪುಸ್ತಕದಲ್ಲಿ ಓದಿದ್ದನ್ನೆಲ್ಲ ಒಂದು ಸಂಜೆ ಅಪ್ಪನಿಗೆ ವಿವರಿಸಿದೆ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗನಾದ್ದರಿಂದ ನನ್ನ ಮಾತಿನಲ್ಲಿ ಸ್ವಲ್ಪ ಹೆಮ್ಮೆಯೂ ಇದ್ದಿರಬೇಕು. ಅಕ್ಷರ ಕಲಿಯದ ಅಪ್ಪ ಎಲ್ಲವನ್ನೂ ಕೇಳಿ, “ಅವತ್ತೇ ನೋಡ್ದೆ ಕಣಪ್ಪ. ಆ ಮರದ ಒಂದು ಕೊಂಬೆ ಕಡ್ದಿದ್ರೂ ಅದು ಈಚೆ ಮರಕ್ಕೆ ಬರಕಾಯ್ತಿರ್ಲಿಲ್ಲ” ಎಂದರು. ನಾನು ಹಲವು ಪುಟ ಓದಿ ತಿಳಿದದ್ದನ್ನು ಅವರು ಒಮ್ಮೆ ತಲೆ ಎತ್ತಿ ನೋಡಿಯೇ ತಿಳಿದಿದ್ದರು.

ಸಹಪಾಠಿಗಳು ಮುತ್ತತ್ತಿಗೆ ಹೋದಾಗ ಹೊಳೆಯನ್ನಷ್ಟೇ ನೋಡಿ ಹಿಂದಿರುಗದೆ, ಮರದ ನೆತ್ತಿಯ ಕಡೆಗೂ ಒಮ್ಮೆ ಕಣ್ಣು ಹಾಯಿಸಲಿ ಎಂಬುದೇ ನನ್ನ ವಿಜ್ಞಾಪನೆ.